ಹೊಸಹಳ್ಳಿಯ ಬೋಣಿ ಆಟ

"ಅವ ಸತ್ತಿದ್ದು ಛಲೋ ಆತ್ರಿ ಅಮ್ಮಾರ. ಆದ್ರ ಕೊಂದಾಂವ ನನ್ನ ಗಂಡ ಅಲ್ಲ."

ಬಾಗಿಲಲ್ಲಿ ನಿಂತೇ ನೀಲಾಂಬಿಕಾ ಇಷ್ಟು ಹೇಳಿಬಿಟ್ಟಳು. ಕೂರಮ್ಮ ಅಂದರೂ ಕೂರಲಿಲ್ಲ. ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದ ಭೈರೇಶ್ ಲೋಟ ಕೆಳಗಿಟ್ಟ. ಗಂಡನನ್ನು ಬಿಡಿಸಿಕೊಡಿ ಎಂದು ಅಳುತ್ತ ಬಂದವರನ್ನು ಈ ಬಸವೇಶ್ವರನಗರದ ಮನೆಯಲ್ಲಿ ಅವನು ಬೇಕಾದಷ್ಟು ಕಂಡಿದ್ದ. ಸತ್ತವನಿಗೆ ಶಾಪ ಹಾಕುತ್ತ ಬಂದವಳು ಇವಳೇ ಮೊದಲು. ಅವನಿಗೆ ನೋಡಿದ ಕೂಡಲೇ ಹಿಡಿಸಿದಳು.

ಮನೆ ಮುನಿತಾಯಮ್ಮನವರದು. ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಅವರ ಜೀಪು ಕಂಡರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು ಎಂದು ಭೈರೇಶ್ ಇವತ್ತಿಗೂ ಕೊಚ್ಚಿಕೊಳ್ಳುತ್ತಾನೆ. ಹದಿನೆಂಟು ವರ್ಷ ಅವರ ತೂಕದ ಪೆಟ್ಟಿಗೆ ಹೊತ್ತವನು ಅವನೇ. ಈಗ ಅವರಿಗೆ ಪಿಂಚಣಿ, ಇವನಿಗೆ ಸ್ವಂತ ಆಟೋ. ಆದರೂ ಬೆಳಗಿನ ಕಾಫಿ ಇಲ್ಲೇ. ಪೆಟ್ರೋಲ್ ಬಂಕಿನ ಒಂದು ಮೋಸ, ಚಿನ್ನದಂಗಡಿಯ ಒಂದು ಕಳ್ಳತನ ಬಗೆಹರಿಸಿಕೊಟ್ಟ ಮೇಲೆ, ಪೊಲೀಸರೂ ಆಗಾಗ ಈ ಬಾಗಿಲು ಬಡಿಯುವಂತಾಗಿತ್ತು.

ನೀಲಾಂಬಿಕಾ ಹೇಳಿದ್ದು ಇಷ್ಟು. ಅವಳ ಗಂಡ ಅಮರೇಶ ಸಿಂಧನೂರಿನ ಕಡೆಯವನು, ಬೈಕಿನಲ್ಲಿ ಊಟ ತಲುಪಿಸುವ ಕೆಲಸ. ಹೊಸಹಳ್ಳಿಯಲ್ಲಿ ಒಂದು ಬೇಕರಿಯ ಮೇಲೆ ಶಶಿಕುಮಾರ್ ಎಂಬುವನ 'ಸ್ಕಿಲ್ ಗೇಮ್ಸ್' ಕ್ಲಬ್ ಇತ್ತು. ಹೆಸರಿಗೆ ಸ್ಕಿಲ್ಲು, ಒಳಗೆ ಇದ್ದದ್ದು ಟೋಕನ್ ಹಾಕಿ ಜೂಜಾಡುವ ಮೂರು ಸ್ಲಾಟ್ ಮಷೀನು. ಅಮರೇಶ ಅಲ್ಲಿ ಸಂಬಳ ಕಳೆದ, ಅವಳ ಕೊರಳಿನ ಬೋರಮಾಳ ಕಳೆದ, ಕೊನೆಗೆ ಬೈಕಿನ ಆರ್‌ಸಿ ಪುಸ್ತಕವನ್ನೂ ಒತ್ತೆಯಿಟ್ಟ. ಗುರುವಾರ ಸಂಜೆ ಎಲ್ಲರೆದುರಿಗೆ "ನಿನ್ನ ಜೀವ ತೆಗೀತೀನಿ" ಎಂದು ಶಶಿಕುಮಾರನಿಗೆ ಕೂಗಿ ಬಂದಿದ್ದ. ಶುಕ್ರವಾರ ಮಧ್ಯಾಹ್ನ ಶಶಿಕುಮಾರ್ ಮೂರನೇ ನಂಬರಿನ ಮಷೀನಿನ ಮುಂದೆ ತಲೆ ಒಡೆದು ಬಿದ್ದಿದ್ದ. ಕೈಗೆ ರಕ್ತ ಮೆತ್ತಿಕೊಂಡು ಮೆಟ್ಟಿಲಿಳಿದು ಓಡಿದ ಅಮರೇಶನನ್ನು ಬೇಕರಿಯ ಸಿಸಿಟಿವಿ ಹಿಡಿದಿತ್ತು.

ಅವಳಿಗೆ ಆರು ತಿಂಗಳು ತುಂಬಿತ್ತು. ಹೀಗೇ ಆದರೆ ಕೂಸು ಹುಟ್ಟುವ ಹೊತ್ತಿಗೆ ಅಪ್ಪ ಜೈಲಿನಲ್ಲಿರುತ್ತಾನೆ.

"ಅವತ್ತು ನಿನ್ನ ಗಂಡ ಅಲ್ಲಿಗೆ ಯಾಕಮ್ಮ ಹೋದ?" ಎಂದರು ಮುನಿತಾಯಮ್ಮ.

ಕ್ಲಬ್ಬಿನ ಕೌಂಟರಿನಲ್ಲಿ ಕೂರುವ ಯಶ್ವಂತ್ ಕರೆದಿದ್ದನಂತೆ. ನಾಳೆ ಹನ್ನೆರಡು ಹತ್ತಕ್ಕೆ ಬಾ, ಆರ್‌ಸಿ ಕೊಡಿಸ್ತೀನಿ ಎಂದು ಗುರುವಾರ ರಸ್ತೆಯಲ್ಲಿ ಹೇಳಿದ್ದನಂತೆ. ಹೋಗಿ ನೋಡಿದರೆ ಶಶಿಕುಮಾರ್ ಬಿದ್ದಿದ್ದ, ಎತ್ತಹೋಗಿ ಅಮರೇಶನ ಕೈಗೆ ರಕ್ತ ಮೆತ್ತಿತಂತೆ. ಪೊಲೀಸರ ಮುಂದೆ ಯಶ್ವಂತ್ ತಾನು ಕರೆದೇ ಇಲ್ಲ ಅಂದಿದ್ದ. ಸಾಲದವನ ಮಾತಿಗಿಂತ ಸಂಬಳದವನ ಮಾತಿಗೆ ತೂಕ ಜಾಸ್ತಿ ತಾನೇ?

ಮುನಿತಾಯಮ್ಮ ಚಪ್ಪಲಿ ಮೆಟ್ಟಿದರು. ಭೈರೇಶ್ ಆಟೋ ತಿರುಗಿಸಿದ.

ದಾರಿಯುದ್ದಕ್ಕೂ ಅವನು ಶಶಿಕುಮಾರನನ್ನು ಬೈಯುತ್ತಲೇ ಗಾಡಿ ಓಡಿಸಿದ. ಇಂಥ ಮಷೀನನ್ನು ಜಗತ್ತಿನಲ್ಲಿ ಯಾರಾದರೂ ಹೇಗೆ ಬಿಟ್ಟುಕೊಂಡಿದ್ದಾರೆ ಎಂದು ಕೇಳಿದ. ಹಿಂದೊಮ್ಮೆ ಕೋರ್ಟು ಇಂಥದೇ ಜಪ್ತಿ ಮಾಲನ್ನು ಪರೀಕ್ಷೆಗೆ ಕಳಿಸಿದ್ದಾಗ ಮುನಿತಾಯಮ್ಮ ತಿಂಗಳುಗಟ್ಟಲೆ ಓದಿದ್ದರು. ಒಳಗೊಂದು ಚಿಪ್ಪು ಇರುತ್ತದೆ, ಅದು ಕ್ಷಣಕ್ಕೆ ಸಾವಿರಾರು ಸಂಖ್ಯೆ ಹುಟ್ಟಿಸುತ್ತಲೇ ಇರುತ್ತದೆ, ಗುಂಡಿ ಒತ್ತಿದ ಗಳಿಗೆಯಲ್ಲಿ ಯಾವುದು ಬಿತ್ತೋ ಅದೇ ಫಲ, ಚಕ್ರ ತಿರುಗುವುದು ಬರೀ ಕಣ್ಣಿಗೆ ಎಂದರು. ಹಿಂದಿನ ಆಟಕ್ಕೂ ಮುಂದಿನ ಆಟಕ್ಕೂ ನಂಟಿಲ್ಲ, ಆದ್ದರಿಂದ 'ಇಷ್ಟು ತಿಂದಿದೆ, ಇನ್ನು ಬಿಡುತ್ತೆ' ಅನ್ನುವವನು ಪೆದ್ದ. ಸಾವಿರ ಹಾಕಿದರೆ ಒಟ್ಟಾರೆ ಎಷ್ಟು ವಾಪಸು ಬರಬೇಕು ಅನ್ನುವುದನ್ನು ಮೊದಲೇ ಬರೆದಿಟ್ಟಿರುತ್ತಾರೆ. ಅದನ್ನು ಅನುಮತಿ ಇರುವ ದೇಶಗಳಲ್ಲಿ ಲ್ಯಾಬು ಪರೀಕ್ಷಿಸಿ ಮುದ್ರೆ ಹಾಕುತ್ತದೆ, ನಾವು ತಕ್ಕಡಿಗೆ ಹಾಕುತ್ತಿದ್ದ ಹಾಗೆ. ಬ್ರಿಟನ್ನಿನಲ್ಲಿ ಆ ಲೆಕ್ಕವನ್ನು ಆಡುವವನಿಗೆ ಕಾಣುವಂತೆ ತೋರಿಸಬೇಕು. ಜಪಾನಿನಲ್ಲಿ ಚಕ್ರ ನಿಲ್ಲಿಸುವ ಗುಂಡಿ ಆಡುವವನ ಕೈಯಲ್ಲೇ ಇರಬೇಕು. ನಾರ್ವೆಯವರು ಖಾಸಗಿ ಮಷೀನುಗಳನ್ನೆಲ್ಲ ಒಮ್ಮೆಗೇ ಎತ್ತಿಸಿ ಬಿಸಾಕಿದರು. ಕೆಲವು ಕಡೆ ಮಷೀನು ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಅನ್ನುವುದಕ್ಕೂ ಕಾನೂನಿದೆ.

"ಮತ್ತೆ ನಮ್ಮಲ್ಲಿ ಮೇಡಂ?"

"ಗೋವಾದಲ್ಲಿ, ಸಿಕ್ಕಿಂನಲ್ಲಿ ಲೈಸೆನ್ಸ್ ಕೊಡ್ತಾರೆ. ನಮ್ಮಲ್ಲಿ ಜೂಜೇ ಕೂಡದು ಕಣಪ್ಪ. ಕೂಡದು ಅಂದ್ಮೇಲೆ ಮುದ್ರೆ ಹಾಕೋರು ಯಾರು? ಗುಜರಿಗೆ ಬಂದ ಮಷೀನಿಗೆ ಸ್ಕಿಲ್ಲು ಅಂತ ಬೋರ್ಡ್ ಹಾಕಿ ಕೂತ್ಕೋತಾರೆ."

ಕ್ಲಬ್ಬಿನಲ್ಲಿ ಇನ್ಸ್‌ಪೆಕ್ಟರ್ ಚೈತ್ರ ಕಾಯುತ್ತಿದ್ದರು. ಪೆಟ್ರೋಲ್ ಬಂಕಿನ ಕೇಸಿನಿಂದ ಪರಿಚಯ. ಹೊಡೆದದ್ದು ಷಟರ್ ಎಳೆಯುವ ಕೊಕ್ಕೆ ರಾಡಿನಿಂದ, ಹಿಂದಿನಿಂದ. ಸಾವು ಹನ್ನೊಂದೂವರೆಯಿಂದ ಹನ್ನೆರಡೂಕಾಲರ ಒಳಗೆ ಎಂದು ಡಾಕ್ಟರು ಹೇಳಿದ್ದರು. ಅಮರೇಶ ಮೇಲೆ ಹತ್ತಿದ್ದು ಹನ್ನೆರಡು ಹತ್ತಕ್ಕೆ, ಓಡಿದ್ದು ಹನ್ನೆರಡು ಹನ್ನೊಂದಕ್ಕೆ. ಯಶ್ವಂತ್ ಹನ್ನೊಂದಕ್ಕೆ ಕೆಲಸಕ್ಕೆ ಬಂದವನು ಹನ್ನೆರಡು ಗಂಟೆ ಮೂರು ನಿಮಿಷಕ್ಕೆ ಕೆಳಗಿಳಿದು ಬೇಕರಿಯಲ್ಲೇ ಇದ್ದ. ಬೇರೆ ಯಾರೂ ಆ ಮೆಟ್ಟಿಲು ತುಳಿದಿಲ್ಲ.

"ಹಾಗಾದ್ರೆ ಯಶ್ವಂತನ್ನ ಯಾಕೆ ಬಿಟ್ರಿ ಚೈತ್ರಮ್ಮ?"

ಬೋಣಿಯ ಕಾರಣಕ್ಕೆ ಎಂದರು ಚೈತ್ರ. ಶಶಿಕುಮಾರ್ ದಿನವೂ ತಾನೇ ಮೊದಲ ಆಟ ಆಡಿ ಬೋಣಿ ಮಾಡುತ್ತಿದ್ದ. ರಾಹುಕಾಲದಲ್ಲಿ ಟೋಕನ್ ಮುಟ್ಟಿದವನೇ ಅಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅದು ಮುಗಿದು ಎರಡು ನಿಮಿಷಕ್ಕೆ ಮಷೀನಿನ ಗೆಲುವಿನ ಹಾಡು ಬೇಕರಿಗೆ ಕೇಳಿತ್ತು. ಮರುನಿಮಿಷವೇ ಯಶ್ವಂತ್ ನಗುತ್ತ ಕೆಳಗಿಳಿದು, ಅಣ್ಣನಿಗೆ ಬೋಣಿ ಚೆನ್ನಾಗಾಯ್ತು, ಎರಡು ಟೀ ಕೊಡಿ ಎಂದಿದ್ದ. ಹಾಡು ಮುಗಿಯುವುದರೊಳಗೆ ಒಬ್ಬನನ್ನು ಕೊಂದು, ಮೈ ತೊಳೆದು ಬರಲು ಆಗುತ್ತದೆಯೇ? ಆದ್ದರಿಂದ ಅವನು ಇಳಿದಾಗ ಶಶಿಕುಮಾರ್ ಬದುಕಿದ್ದ. ಉಳಿದವನು ಅಮರೇಶ ಒಬ್ಬನೇ.

ಮಷೀನಿನ ಪಕ್ಕೆಯಲ್ಲಿ ಒಂದು ಕೀಲಿ ಹಾಗೇ ಸಿಕ್ಕಿಕೊಂಡಿತ್ತು. ಅದರ ಬಗ್ಗೆಯೂ ಯಶ್ವಂತ್ ಹೇಳಿಕೆ ಕೊಟ್ಟಿದ್ದ: ಬೋಣಿ ಗೆಲ್ಲಲೆಂದು ದಿನವೂ ಕೀಲಿ ತಿರುಗಿಸಿ, ವಾಪಸು ಬರುವ ಲೆಕ್ಕ ಏರಿಸಿ ಮಷೀನನ್ನು ಸಡಿಲ ಮಾಡುತ್ತಾರೆ, ಅವತ್ತು ತಾನೇ ತಿರುಗಿಸಿದೆ, ತಿರುಗಿಸಿದ ತಕ್ಷಣ ಅಣ್ಣ ಗುಂಡಿ ಒತ್ತಿದರು, ಒಂದೇ ಸಾಲಿಗೆ ಮೂರು ಏಳು ಬಿತ್ತು.

ಮುನಿತಾಯಮ್ಮ ಕನ್ನಡಕ ಏರಿಸಿ ಹಿಂಬದಿಯ ತಗಡು ಓದಿದರು. ಅಮೆರಿಕದ ನೆವಾಡಾಕ್ಕೆಂದು ತಯಾರಾದ ಮಷೀನು. ಕೀಲಿಗೆ ಮೂರು ಸ್ಥಾನ. ಎರಡನೆಯದಕ್ಕೆ ತಿರುಗಿಸಿದರು, ಗುಂಡಿ ಒತ್ತಿದರು, ಆಮೇಲೆ ಗೋಡೆ ಗಡಿಯಾರ ನೋಡುತ್ತ ಸುಮ್ಮನೆ ನಿಂತುಬಿಟ್ಟರು. ವಯಸ್ಸಾಯಿತು, ಬಂದ ಕೆಲಸ ಮರೆತರೇನೋ ಎಂದು ಭೈರೇಶನಿಗೆ ಕಸಿವಿಸಿಯಾಯಿತು. ಆಮೇಲೆ ಚೈತ್ರರ ಎದುರು ಮಷೀನಿನ ಬಾಗಿಲು ತೆಗೆಸಿ, ಒಳಗಿನ ಪರದೆಯಲ್ಲಿದ್ದ ಏನನ್ನೋ ಬರೆದುಕೊಂಡರು.

ಕೆಳಗೆ ಕಟ್ಟಡದ ಮಾಲೀಕ ಹನುಮಂತಯ್ಯ ಬೇಕರಿಯ ಮುಂದೆ ಕುರ್ಚಿ ಹಾಕಿಕೊಂಡಿದ್ದರು. ಹಾಡು ಕೇಳಿದ್ದು ಅವರೇ. ಶಶಿಕುಮಾರ್ ದಿನವೂ ಎಷ್ಟಕ್ಕೆ ಬರುತ್ತಿದ್ದ ಎಂದು ಮುನಿತಾಯಮ್ಮ ಕೇಳಿದರು. ಬೆಳಿಗ್ಗೆ ಹತ್ತಕ್ಕೆ ಒಬ್ಬನೇ ಬಂದು, ಹತ್ತು ನಿಮಿಷ ಮೇಲಿದ್ದು, ಮನೆಗೆ ತಿಂಡಿಗೆ ಹೋಗುತ್ತಿದ್ದ, ಹನ್ನೊಂದೂವರೆಗೆ ಮತ್ತೆ ಬರುತ್ತಿದ್ದ, ಸತ್ತ ದಿನವೂ ಅಷ್ಟೇ ಎಂದರು ಹನುಮಂತಯ್ಯ. "ಯಾಕೆ ಬರ್ತಿದ್ನೋ, ದೇವರಿಗೆ ದೀಪ ಹಚ್ಚೋಕಿರಬೇಕು," ಎಂದೂ ಸೇರಿಸಿದರು.

ಮರುದಿನ ಮುನಿತಾಯಮ್ಮ ಎಲ್ಲರನ್ನೂ ಕ್ಲಬ್ಬಿಗೆ ಕರೆಸಿದರು. ಹನುಮಂತಯ್ಯ, ಯಶ್ವಂತ್, ಚೈತ್ರ, ಇಬ್ಬರು ಕಾನ್‌ಸ್ಟೇಬಲ್‌ಗಳು. ನೀಲಾಂಬಿಕಾ ಗೋಡೆಗೊರಗಿ ನಿಂತಿದ್ದಳು. ಯಶ್ವಂತ್ ಇಪ್ಪತ್ತೈದರ ಹುಡುಗ, ಮಾತು ಮೆದು, ಕೇಳಿದ್ದಕ್ಕೆಲ್ಲ ಹೂಂ ಮೇಡಂ, ಸರಿ ಮೇಡಂ.

"ಅವತ್ತು ಮಾಡ್ದಂಗೇ ಮಾಡಿ ತೋರ್ಸಪ್ಪ," ಎಂದರು.

ಯಶ್ವಂತ್ ಕೀಲಿಯನ್ನು ಎರಡನೇ ಸ್ಥಾನಕ್ಕೆ ತಿರುಗಿಸಿದ. ಭೈರೇಶ್ ಟೋಕನ್ ಹಾಕಿ ಗುಂಡಿ ಒತ್ತಿದ. ಟೋಕನ್ ಹಾಗೇ ತಟ್ಟೆಗೆ ವಾಪಸು ಬಿತ್ತು. ಇನ್ನೊಮ್ಮೆ ಹಾಕಿದ, ಮತ್ತೆ ಬಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತ್ತು, ಅಷ್ಟೇ.

"ಕರೆಂಟ್ ಪ್ರಾಬ್ಲಂ ಇರ್ಬೇಕು ಮೇಡಂ," ಎಂದ ಯಶ್ವಂತ್.

"ಇರ್ಬೋದು. ಕಾಯೋಣ."

ಕಾದರು. ಒಂದು ನಿಮಿಷ ಹೋಯಿತು. ಹನುಮಂತಯ್ಯ ಕೆಮ್ಮಿದರು. ಎರಡು ನಿಮಿಷ. ಯಶ್ವಂತ್ ಗುಂಡಿಯನ್ನು ತಾನೇ ಒತ್ತಿ ನೋಡಿದ, ಒಮ್ಮೆ, ಆಮೇಲೆ ನಾಲ್ಕಾರು ಸಲ. ಮೂರನೇ ನಿಮಿಷಕ್ಕೆ ಅವನ ಅಂಗಿಯ ಬೆನ್ನು ಒದ್ದೆಯಾಯಿತು. ಭೈರೇಶನ ಬದುಕಿನಲ್ಲಿ ಅಷ್ಟು ಉದ್ದದ ನಾಲ್ಕು ನಿಮಿಷ ಹಿಂದೆ ಬಂದಿರಲಿಲ್ಲ. ಆಮೇಲೆ ಮಷೀನಿನ ದೀಪಗಳು ಒಟ್ಟಿಗೆ ಹೊತ್ತಿಕೊಂಡವು, ಭೈರೇಶ್ ಮತ್ತೆ ಹಾಕಿದ ಟೋಕನ್ ಒಳಗಿಳಿಯಿತು, ಚಕ್ರ ತಿರುಗಿತು.

ಮುನಿತಾಯಮ್ಮ ಆಗ ಬಾಯಿ ಬಿಟ್ಟರು. ಆಡುವವನ ಕಣ್ಣೆದುರಲ್ಲೇ ಲೆಕ್ಕ ತಿರುಚಬಾರದೆಂದು ನೆವಾಡಾದಲ್ಲಿ ಒಂದು ನಿಯಮ ಮಾಡಿದ್ದಾರೆ. ಲೆಕ್ಕ ಬದಲಿಸುವ ಮುಂಚೆ ನಾಲ್ಕು ನಿಮಿಷ ಯಾರೂ ಆಡಿರಬಾರದು, ಬದಲಿಸಿದ ಮೇಲೆ ನಾಲ್ಕು ನಿಮಿಷ ಆಡಿಸಬಾರದು. ಈ ಮಷೀನನ್ನು ಕಟ್ಟಿದವರು ಆ ನಿಯಮವನ್ನು ಇದರ ಮಿದುಳಿಗೇ ಬರೆದಿದ್ದರು. ಗುಜರಿಗೆ ಮಾರಿದರೂ, ಸಮುದ್ರ ದಾಟಿ ಹೊಸಹಳ್ಳಿಗೆ ಬಂದರೂ ಅದು ತನ್ನ ಊರಿನ ಕಾನೂನು ಬಿಟ್ಟಿರಲಿಲ್ಲ. ಶಶಿಕುಮಾರನಿಗೆ ಇದು ಗೊತ್ತಿತ್ತು. ಅದಕ್ಕೇ ಬೆಳಿಗ್ಗೆ ಹತ್ತಕ್ಕೆ ಒಬ್ಬನೇ ಬಂದು ಕೀಲಿ ತಿರುಗಿಸಿ ಹೋಗುತ್ತಿದ್ದ. ಹನ್ನೊಂದಕ್ಕೆ ಬರುತ್ತಿದ್ದ ಯಶ್ವಂತನಿಗೆ ಮಷೀನು ಸಡಿಲವಾಗುವುದು ಗೊತ್ತಿತ್ತು, ಯಾವಾಗ ಎಂಬುದು ಗೊತ್ತಿರಲಿಲ್ಲ.

"ತಿರುಗಿಸಿದ ತಕ್ಷಣ ಒತ್ತಿದ್ರು ಅಂದೆ. ಒತ್ತಿದ್ರೂ ಆಡ್ತಿರ್ಲಿಲ್ಲ ಕಣೋ ಇದು. ಮತ್ತೆ ಹಾಡು ಎಲ್ಲಿಂದ ಬಂತು?"

ಅವರೇ ಕೀಲಿಯನ್ನು ಮೂರನೇ ಸ್ಥಾನಕ್ಕೆ ತಿರುಗಿಸಿದರು. ಅದು ರಿಪೇರಿಯವರು ಸದ್ದು ಪರೀಕ್ಷಿಸುವ ಜಾಗ. ಆಟವಿಲ್ಲದೆ, ಗೆಲುವಿಲ್ಲದೆ, ಗೆಲುವಿನ ಹಾಡು ಕೋಣೆ ತುಂಬ ಮೊಳಗಿತು. ಹನುಮಂತಯ್ಯ ಕುರ್ಚಿಯಿಂದ ಎದ್ದು ನಿಂತರು, ಅವರು ಕೇಳಿದ್ದು ಇದನ್ನೇ.

ಮಷೀನು ತನ್ನ ಮೈ ಮುಟ್ಟಿದವರ ಹೊತ್ತನ್ನೆಲ್ಲ ನೆನಪಿಟ್ಟುಕೊಂಡಿತ್ತು. ಶುಕ್ರವಾರ ಎರಡನೇ ಸ್ಥಾನಕ್ಕೆ ಕೀಲಿ ಹೋದದ್ದು ಒಂದೇ ಸಲ, ಬೆಳಿಗ್ಗೆ ಹತ್ತು ಗಂಟೆ ಆರು ನಿಮಿಷಕ್ಕೆ. ಮೂರನೇ ಸ್ಥಾನಕ್ಕೆ ಹನ್ನೆರಡು ಎರಡಕ್ಕೆ. ಇಡೀ ದಿನ ಒಂದು ಆಟವೂ ನಡೆದಿಲ್ಲ. ಬೋಣಿಯೇ ಆಗಿರಲಿಲ್ಲ. ಶಶಿಕುಮಾರ್ ರಾಹುಕಾಲ ಮುಗಿಯಲೆಂದು ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಾಗಲೇ ಏಟು ಬಿದ್ದಿತ್ತು. ಕೈ ತೊಳೆದು, ಅಂಗಿ ಬದಲಿಸಿ, ಹನ್ನೆರಡು ಹೊಡೆಯುವವರೆಗೆ ಹೆಣದ ಪಕ್ಕ ಕೂತಿದ್ದ ಕೊಲೆಗಾರ. ಯಾಕೆಂದರೆ ಹನ್ನೆರಡಕ್ಕೆ ಮುಂಚೆ ಬೋಣಿ ಆಯಿತು ಅಂದರೆ ಈ ಬೀದಿಯಲ್ಲಿ ಒಬ್ಬನೂ ನಂಬುತ್ತಿರಲಿಲ್ಲ. ಹಾಡು ಹಾಕಿ ಕೆಳಗೆ ಓಡುವ ಅವಸರದಲ್ಲಿ ಕೀಲಿ ಮರೆತ. ಮರೆತ ಕೀಲಿಗೆ ಕಾರಣ ಹೇಳಹೋಗಿ ಸಿಕ್ಕಿಬಿದ್ದ. ಹೆಣ ನೋಡುವುದಕ್ಕೆ ಒಬ್ಬ ಬೇಕಿತ್ತು, ಹಿಂದಿನ ದಿನ ಎಲ್ಲರೆದುರು ಬೆದರಿಕೆ ಹಾಕಿದವನನ್ನೇ ಹನ್ನೆರಡು ಹತ್ತಕ್ಕೆ ಕರೆದಿಟ್ಟಿದ್ದ.

ಯಶ್ವಂತ್ ತಪ್ಪಿಸಿಕೊಳ್ಳಲು ನೋಡಲಿಲ್ಲ. ಅವನ ಮೆದು ಮಾತು ಮಾತ್ರ ಹೋಯಿತು.

"ನಮ್ಮಪ್ಪ ಏಳು ತಿಂಗಳು ಇದೇ ಸ್ಟೂಲ್ ಮೇಲೆ ಕೂತಿದ್ದ. ಟೆಂಪೋ ಮಾರ್ದ, ಸೈಟ್ ಮಾರ್ದ. ಎದ್ದು ಹೋಗೋಣ ಅಂತ ಹೊರಟಾಗೆಲ್ಲ ಈ ನಾಯಿ ಹೆಗಲ ಮೇಲೆ ಕೈ ಹಾಕಿ, ಮಷೀನು ತುಂಬಿದೆ ಅಣ್ಣ, ಈಗ ಬಿಡುತ್ತೆ ಅಂತಿದ್ದ. ಮಲ್ಲತ್ತಹಳ್ಳಿ ಕೆರೇಲಿ ಅಪ್ಪನ್ನ ಎತ್ತಿದ್ದು ನಾನು. ಇವನು ಇದೇ ಸ್ಟೂಲ್ ಮೇಲೇ ಸಾಯ್ಬೇಕು ಅಂತ ಎಂಟು ತಿಂಗಳು ಇವನ ಕೌಂಟರಲ್ಲಿ ಕೂತು ಸಲಾಂ ಹೊಡ್ದೆ."

ನಿಜ ಹೇಳಬೇಕೆಂದರೆ, ಶಭಾಷ್ ಮಗನೇ ಎಂಬ ಮಾತು ಭೈರೇಶನ ನಾಲಗೆ ತುದಿಗೆ ಬಂದಿತ್ತು. ಅಪ್ಪನನ್ನು ನುಂಗಿದವನನ್ನು ಬಿಟ್ಟವನು ಮಗನೇ ಅಲ್ಲ ಅನ್ನುವ ಜಾತಿಯವನು ಅವನು. ಮೇಡಂ ಇವನನ್ನು ಬಿಟ್ಟುಬಿಡಬಾರದೇ ಎಂದು ಅವರ ಮುಖ ನೋಡಿದ.

"ನಿಮ್ಮಪ್ಪಂಗೆ ಆಗಿದ್ದು ಅನ್ಯಾಯಾನೇ ಕಣಪ್ಪ," ಎಂದರು ಮುನಿತಾಯಮ್ಮ. "ಅಮರೇಶನೂ ಅದೇ ಸ್ಟೂಲ್ ಮೇಲೆ ಕೂತು ಹಾಳಾದೋನು. ನಿಮ್ಮಪ್ಪನ ಥರಾನೇ. ಅವನನ್ನೇ ಹಿಡ್ಕೊಟ್ಯಲ್ಲೋ."

ಯಶ್ವಂತ್ ಮೊದಲ ಸಲ ನೀಲಾಂಬಿಕಾಳ ಕಡೆ ನೋಡಿದ. ಅವಳ ಹೊಟ್ಟೆ ನೋಡಿದ. ಕೈ ಮುಗಿದು, ಅಕ್ಕಾ ಎಂದ.

ಅವಳು ಗೋಡೆ ಬಿಟ್ಟು ಎದುರಿಗೆ ಬಂದು ನಿಂತಳು.

"ಅವನ್ನ ಹೊಡದಿಯಲ್ಲ, ಅದಕ್ಕ ನಿನಗ ಪುಣ್ಯ ಬರಲಿ. ನಾನಾ ಹೊಡೀಬೇಕಂತ ಕುದೀತಿದ್ದೆ. ಆದ್ರ ನನ್ನ ಗಂಡನ್ನ ಕರದು ಹೆಣದ ಮುಂದ ನಿಂದ್ರಿಸಿದಿ ನೋಡು, ಅದನ್ನ ನಾ ಬಿಡಂಗಿಲ್ಲ. ಕೋರ್ಟಿಗೆ ಎಷ್ಟು ಸರ್ತಿ ಕರೀತಾರ, ಅಷ್ಟು ಸರ್ತಿ ಬರ್ತೀನಿ. ನಿನ್ನೆದುರಿಗೆ ಕುಂದರ್ತೀನಿ."

ಅಮರೇಶನನ್ನು ಕೆಲವು ದಿನಗಳಲ್ಲಿ ಬಿಟ್ಟರು. ಜೈಲಿನ ಗೇಟಿನ ಹೊರಗೆ ಅವನು ಅಳುತ್ತ ಹೆಂಡತಿಯ ಕೈ ಹಿಡಿಯಲು ಬಂದ. ನೀಲಾಂಬಿಕಾ ಬೀದಿಯಲ್ಲೇ ಅವನ ಕೆನ್ನೆಗೆ ಒಂದು ಬಿಟ್ಟಳು, ಆಮೇಲೆ ಸೆರಗಿನಿಂದ ಅವನ ಮುಖ ಒರೆಸಿ ಆಟೋ ಹತ್ತಿಸಿದಳು. ಭೈರೇಶ್ ಕನ್ನಡಿಯಲ್ಲಿ ನೋಡಿದರೂ ನೋಡದವನಂತೆ ಗಾಡಿ ಓಡಿಸಿದ.

ಅವಳು ಬರೀ ಬಾಯಿಮಾತಿಗೆ ಹೇಳಿದ್ದಾಳೆ ಎಂದು ಅವನು ಅಂದುಕೊಂಡಿದ್ದ. ಕೋರ್ಟಿನ ಮೊದಲ ತಾರೀಖಿನ ಬೆಳಿಗ್ಗೆ, ಆಟೋ ತಾ ಎಂದು ಅವಳ ಫೋನ್ ಬಂತು. ಎಂಟು ತಿಂಗಳ ಬಸುರಿ ಕೋರ್ಟಿನ ಬೆಂಚಿನ ಮೇಲೆ ಕೂತು, ಯಶ್ವಂತನನ್ನು ಕರೆತಂದು ಮತ್ತೆ ಒಯ್ಯುವವರೆಗೆ ಕಣ್ಣು ತೆಗೆಯಲಿಲ್ಲ. ಅವನು ತಲೆ ಎತ್ತಲಿಲ್ಲ. ಹೆರಿಗೆಯಾಗಿ ಹದಿನೇಳನೇ ದಿನ ಮತ್ತೊಂದು ತಾರೀಖು ಬಿತ್ತು. ಹಸಿ ಬಾಣಂತಿ ಹೊರಗೆ ಹೋಗಬಾರದಮ್ಮ ಎಂದು ಮುನಿತಾಯಮ್ಮನವರೇ ಹೇಳಿದರು, ಗಾಳಿ ತಗಲುತ್ತದೆ ಎಂದರು, ಬೈದರು. ನೀಲಾಂಬಿಕಾ ತಲೆಗೆ ಬಟ್ಟೆ ಸುತ್ತಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಹೊರಟು ನಿಂತಿದ್ದಳು.

ಆ ದಿನ ಕೂಸನ್ನೂ ಎತ್ತಿಕೊಂಡು ಬಂದಿದ್ದಳು. ಯಶ್ವಂತನನ್ನು ಕರೆತಂದಾಗ ಅವಳು ಅದರ ಮುಖದ ಮೇಲಿನ ಬಟ್ಟೆ ಸರಿಸಿ ಅವನಿಗೆ ಕಾಣುವಂತೆ ಹಿಡಿದಳು. ಎಂದೂ ತಲೆ ಎತ್ತದವನು ಅವತ್ತು ನೋಡಿದ. ನೋಡಿದವನು ಅಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ. ನೀಲಾಂಬಿಕಾ ಬಟ್ಟೆ ಸರಿಮಾಡಿ, ಮುಂದಿನ ತಾರೀಖು ಯಾವತ್ತೆಂದು ಗುಮಾಸ್ತನನ್ನು ಕೇಳಿಕೊಂಡು ಹೊರಗೆ ಬಂದಳು.