ಮಾದರಿಗೆ ಬಂದ ಕಂಪ್ಯೂಟರ್

ಮೌಸ್ ಕೆಟ್ಟಿದೆ ಎಂದು ಟಪಾಲು ವಿಭಾಗದಿಂದ ಚೀಟಿ ಬಂತು. ಯಾರ ಕೈಯಲ್ಲಾದರೂ ಒಂದು ಕಳಿಸಬಹುದಿತ್ತು. ಕಚೇರಿಯ ಖರೀದಿ, ಸಾಮಾನು ನೋಡಿಕೊಳ್ಳುವ ಸ್ಟೋರ್ ಸರ್ ತಾವೇ ಎದ್ದರು. ಮಡಿಸಿದ್ದ ಅಂಗಿಯ ತೋಳು ಬಿಡಿಸಿ, ತಲೆ ಸವರಿಕೊಂಡು ಮೆಟ್ಟಿಲಿಳಿದರು. ನಲವತ್ತೈದು ದಾಟಿದ ವಿಧುರನೊಬ್ಬ ಮೌಸ್ ಹಿಡಿದು ಇಷ್ಟು ಸಡಗರದಿಂದ ಹೋಗುವುದನ್ನು ಕಂಡರೆ ಜನ ನಕ್ಕಾರು ಎಂಬ ಅಳುಕು ಅವರಿಗೂ ಇತ್ತು.

ಟಪಾಲು ಮೇಡಂ ತಲೆ ಎತ್ತಲಿಲ್ಲ. ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ನು ಜಾರಿ ಭುಜದ ಮೇಲೆ ಬಿದ್ದಿತ್ತು. ಅದೂ ಅವರಿಗೆ ತಿಳಿದಿರಲಿಲ್ಲ. ಮೇಜಿನ ಮೇಲೆ ಒಂದು ನೋಟಿಸು. ಬಂದ ಪತ್ರಗಳ ದಾಖಲೆ ಹದಿನೆಂಟು ದಿನ ಹಿಂದೆ ಬಿದ್ದಿದೆ, ಇಂದು ಸಂಜೆಯೊಳಗೆ ಕಾರಣ ತಿಳಿಸಿ, ತಪ್ಪಿದರೆ ಊರಾಚೆಯ ಗೋದಾಮು ಶಾಖೆಗೆ ವರ್ಗ.

ಸ್ಟೋರ್ ಸರ್ ಅದನ್ನು ಎರಡು ಸಲ ಓದಿದರು. ಎರಡು ಬೀದಿಯಾಚೆ ಆಕೆಯ ಮನೆ, ಅಲ್ಲಿ ಆಕೆ ಮತ್ತು ಕಣ್ಣು ಕಾಣದ ತಂದೆ ಇಬ್ಬರೇ. ದಿನವೂ ಮಧ್ಯಾಹ್ನ ಓಡಿಹೋಗಿ ಊಟ ಬಡಿಸಿ ಬರುವವರು. ಗೋದಾಮಿಗೆ ಹೋದರೆ ಆ ಮುದುಕರ ಗತಿ?

"ಏನಂತ ಉತ್ತರ ಬರೆದ್ರಿ ಮೇಡಂ?"

"ನನ್ನ ಕೈ ನಿಧಾನ ಅಂತ."

"ನಿಮ್ಮ ಕೈನಾ? ಈ ಆಫೀಸಲ್ಲಿ ನಿಮ್ಮಷ್ಟು ಬೇಗ ಟೈಪ್ ಮಾಡೋರು ಯಾರಿದಾರೆ?"

"ಕಂಪ್ಯೂಟರ್ ನಿಧಾನ ಅಂತ ಬರೆದ್ರೆ, ಅದನ್ನ ಆರಿಸಿದೋರು ಯಾರು ಅಂತ ಕೇಳ್ತಾರಲ್ಲ ಸರ್," ಎಂದರು ಆಕೆ, ಮೆಲ್ಲಗೆ.

ಆರಿಸಿದವರು ಇವರೇ. ಆರು ತಿಂಗಳ ಹಿಂದೆ, ಕಚೇರಿಗೆ ಕಡಿಮೆ ಬೆಲೆಯ ಹನ್ನೆರಡು ಕಂಪ್ಯೂಟರ್ ಕೊಳ್ಳುವ ಸಭೆಯಲ್ಲಿ ಟಪಾಲು ಮೇಡಂ ಎದ್ದು ನಿಂತು, "ಸರ್, ಆರಿಸೋಕೆ ಮುಂಚೆ ಒಂದು ಗಂಟೆ ನನ್ನ ಕುರ್ಚಿಲಿ ಕೂತು ನೋಡಿ" ಎಂದಿದ್ದರು. "ಪತ್ರ ದಾಖಲೆಗೆ ಹತ್ತಿಸೋಕೆ ವಿಮಾನದ ಇಂಜಿನ್ ಬೇಕಾ ಮೇಡಂ?" ಎಂದು ಇವರು ಅಂದದ್ದಕ್ಕೆ ಸಭೆಗೆ ಸಭೆಯೇ ನಕ್ಕಿತ್ತು. ಆಕೆಯೂ ನಕ್ಕಿದ್ದರು. ಅಂದಿನಿಂದ ಇವರನ್ನು ಕಂಡಾಗ ತಲೆ ಎತ್ತುವುದನ್ನು ಬಿಟ್ಟಿದ್ದರು.

"ಏಳಿ, ಆ ಒಂದು ಗಂಟೆ ಈಗ ಕೂರ್ತೀನಿ," ಎಂದರು ಸ್ಟೋರ್ ಸರ್.

ಆಕೆ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಒಂದು ಪತ್ರದ ಸ್ಕ್ಯಾನ್ ತೆರೆಯಿರಿ ಎಂದರು. ಪರದೆಯ ನಡುವೆ ಪುಟ್ಟ ಚಕ್ರ ತಿರುಗತೊಡಗಿತು. ಜೊತೆಗೆ ದಾಖಲೆಯ ಪಟ್ಟಿ, ಮೇಲ್, ಹಳೆಯ ಕಡತ. ಎಲ್ಲ ಒಟ್ಟಿಗೆ ತೆರೆದಿರಬೇಕು, ಅದೇ ಅವರ ಕೆಲಸ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಇಪ್ಪತ್ತು ನಿಮಿಷದಲ್ಲಿ ಮೂರು ಪತ್ರ ಹತ್ತಿದವು.

"ಇಷ್ಟು ಹೊತ್ತು ಏನ್ ಮಾಡ್ತೀರಿ ದಿನಾ?"

"ಮೊದಲು ಬೈತಿದ್ದೆ. ಈಗ ದೇವರ ನಾಮ ಹೇಳ್ಕೊತೀನಿ."

"ಬೈತಿದ್ದದ್ದು ಕಂಪ್ಯೂಟರನ್ನಾ?"

"ಅದೇನು ಮಾಡುತ್ತೆ ಪಾಪ," ಎಂದು ಆಕೆ ತುಟಿ ಕಚ್ಚಿ ಕಿಟಕಿಯತ್ತ ನೋಡಿದರು. ತುದಿಗಣ್ಣಲ್ಲಿ ಮಾತ್ರ ಒಂದಿಷ್ಟು ನಗು ಉಳಿದಿತ್ತು.

ಆ ನಗುವಿನ ಎದುರು ಸ್ಟೋರ್ ಸರ್‌ಗೆ ಸುಮ್ಮನಿರಲು ಆಗಲಿಲ್ಲ. "ಒಂದು ವಿಷಯ ಹೇಳ್ಬೇಕು. ಅಂಗಡಿಯೋರು ಮಾದರಿಗೆ ಅಂತ ಒಂದು ಕಳಿಸಿದ್ರು. ಎಂಟು ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಸೊಗಸಾಗಿ ಓಡ್ತು. ಆರ್ಡರ್ ಬರೆಯೋವಾಗ ನಾನೇ ಎಸ್‌ಎಸ್‌ಡಿ ಹೊಡೆದುಹಾಕಿ ಹಳೇ ಥರದ ನಿಧಾನದ ಡಿಸ್ಕ್ ಬರೆದೆ, ರ‍್ಯಾಮ್ ಅರ್ಧ ಮಾಡಿದೆ. ಮತ್ತೆ ಓಡಿಸಿ ನೋಡ್ಲೇ ಇಲ್ಲ. ಉಳಿತಾಯ ಮಾಡಿದ ಅಂತ ಸಾಹೇಬ್ರು ಚಪ್ಪಾಳೆ ಹೊಡೆಸಿದ್ರು."

"ಆ ಮಾದರಿ ಈಗ ಎಲ್ಲಿದೆ?"

"ನನ್ನ ಮೇಜಿನ ಮೇಲೆ."

ಆಕೆ ಮೇಜಿನ ಮೇಲಿನ ಪತ್ರಗಳನ್ನು ಜೋಡಿಸತೊಡಗಿದರು. ಒಂದು ಮಾತು ಬೈದಿದ್ದರೂ ಇವರು ಬದುಕಿಕೊಳ್ಳುತ್ತಿದ್ದರು. ಹೆಂಡತಿ ತೀರಿಕೊಂಡಾಗ ದೇವರ ಮುಂದೆ ನಿಂತು, ಇನ್ನು ಯಾರ ಮನಸ್ಸನ್ನೂ ನೋಯಿಸೆನು ಎಂದು ಮಾತು ಕೊಟ್ಟಿದ್ದ ಮನುಷ್ಯ! ಸ್ಟೋರ್ ಸರ್‌ಗೆ ಆ ಕುರ್ಚಿಯಲ್ಲೇ ಭೂಮಿಗಿಳಿದು ಹೋಗುವಂತಾಯಿತು.

"ಅದನ್ನ ಈಗಲೇ ನಿಮಗೆ ತಂದು ಹಾಕ್ತೀನಿ."

"ನನ್ನೊಬ್ಬಳಿಗಾ? ಉಳಿದ ಹನ್ನೊಂದು ಜನ ಏನು ಪಾಪ ಮಾಡಿದಾರೆ? ಬೇಡ ಸರ್."

"ಹಾಗಲ್ಲ ಮೇಡಂ... ನಾನು ದಿನಾ ಕೆಳಗೆ ಬರೋಕೆ ಏನಾದ್ರೂ ಒಂದು..."

ಅಷ್ಟರಲ್ಲಿ ಕಡತ ತೆರೆದುಕೊಂಡಿತು. ಮಾತು ಅಲ್ಲೇ ನಿಂತಿತು.

ಅವರು ಆಕೆಯ ಉತ್ತರವನ್ನು ಎತ್ತಿಕೊಂಡು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಬೇರೊಂದು ಹಾಳೆ ತೆಗೆದು ತಮ್ಮ ಕೈಯಾರೆ ಬರೆದರು: ವಿಳಂಬಕ್ಕೆ ಕಾರಣ ಕಂಪ್ಯೂಟರ್, ಅದನ್ನು ಕೇಳದೆ, ನೋಡದೆ ಆರಿಸಿದವನು ನಾನು, ಒಳ್ಳೆಯದನ್ನು ಇಟ್ಟುಕೊಂಡವನೂ ನಾನು. ಹೊಸದು ಬೇಕಿಲ್ಲ, ಡಿಸ್ಕ್ ಬದಲಿಸಿ, ರ‍್ಯಾಮ್ ಸೇರಿಸಿದರೆ ಸಾಕು.

ಸಾಹೇಬರು ಅದನ್ನು ಇಡೀ ಸಭೆಯ ಎದುರು ಗಟ್ಟಿಯಾಗಿ ಓದಿದರು. ಅಂದು ನಕ್ಕಿದ್ದವರೇ ಇಂದೂ ಕುಳಿತಿದ್ದರು; ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಖರೀದಿಯ ಅಧಿಕಾರ ಕೈತಪ್ಪಿತು. ಆಕೆಯ ನೋಟಿಸು ರದ್ದಾಯಿತು. ಹನ್ನೊಂದಕ್ಕೆ ಹೊಸ ಡಿಸ್ಕ್ ಬಂತು. ಒಂದಕ್ಕೆ ಹಣ ಸಾಲದೆ ಹೋದಾಗ ಅದನ್ನು ಸ್ಟೋರ್ ಸರ್ ಹೊತ್ತೊಯ್ದು ತಮ್ಮ ಮೇಜಿಗೆ ಹಾಕಿಕೊಂಡು, ಮಾದರಿಯನ್ನು ಅದರ ಜಾಗಕ್ಕೆ ಕೊಟ್ಟರು.

ಮರುವಾರ ಬೆಳಿಗ್ಗೆ ಎಲ್ಲ ಸರಿಯಿದೆಯೇ ಎಂದು ನೋಡಲು ಬಂದವರು ಬಾಗಿಲಲ್ಲೇ ನಿಂತರು. ಟಪಾಲು ಮೇಡಂ ತಲೆ ಎತ್ತಿದರು.

"ಬನ್ನಿ ಸರ್. ಈಗ ಕಣ್ಣು ಮಿಟುಕಿಸೋದ್ರೊಳಗೆ ತೆರೆಯುತ್ತೆ. ಮಾತಾಡೋಕೆ ಪುರಸೊತ್ತೇ ಇಲ್ಲ. ಅವತ್ತು ಏನೋ ಹೇಳ್ತಾ ಅರ್ಧಕ್ಕೆ ನಿಲ್ಲಿಸಿದ್ರಲ್ಲ?"

ಸ್ಟೋರ್ ಸರ್ ನೆಲ ನೋಡಿದರು. "ಕೆಳಗೆ ಬರೋಕೆ ಒಂದು ನೆಪ ಸಿಗಲಿ ಅಂತ ದೇವರನ್ನ ಬೇಡ್ಕೊತಿದ್ದೆ. ಅವತ್ತು ನಿಮ್ಮ ಮೌಸ್ ಕೆಟ್ಟಿದ್ದಕ್ಕೆ ಸಂತೋಷಪಟ್ಟೆ. ಈಗ ಹೇಳೋಕೂ ನಾಚಿಕೆ ಆಗುತ್ತೆ."

ಆಕೆ ಡ್ರಾಯರ್ ಎಳೆದು ಹಳೆಯ ಮೌಸ್ ಹೊರತೆಗೆದು, ಕಂಪ್ಯೂಟರಿಗೆ ಸಿಕ್ಕಿಸಿ ಒತ್ತಿದರು. ಪರದೆಯ ಮೇಲೆ ಬಾಣ ಚೆನ್ನಾಗಿಯೇ ಓಡಿತು.

"ಇದು ಕೆಟ್ಟೇ ಇರಲಿಲ್ಲ ಸರ್. ಗೋದಾಮಿಗೆ ಹೋಗೋಕೆ ಮುಂಚೆ ಒಂದ್ಸಲ ನಿಮ್ಮ ಮುಖ ನೋಡೋಣ ಅನ್ನಿಸ್ತು. ಸುಳ್ಳು ಚೀಟಿ ಬರೆದೆ." ಆಕೆಯ ಕಿವಿಯವರೆಗೂ ಕೆಂಪೇರಿತು. "ನಾಚಿಕೆ ನಿಮಗೊಬ್ಬರಿಗೇ ಅಂದ್ಕೊಂಡ್ರಾ?"

ಆಕೆ ಮೌಸನ್ನು ಮತ್ತೆ ಡ್ರಾಯರಿಗೆ ಹಾಕಿದರು.

"ಮಧ್ಯಾಹ್ನ ಅಪ್ಪನಿಗೆ ಊಟ ಬಡಿಸೋಕೆ ಹೋಗ್ತೀನಿ, ನೀವೂ ಬನ್ನಿ. ನಿಮ್ಮನ್ನ ಯಾರು ಅಂತ ಹೇಳಲಿ?"

"ಇದ್ದದ್ದು ಇದ್ದ ಹಾಗೆ ಹೇಳಿ. ಸಭೆಲಿ ನಿಮ್ಮನ್ನ ನಗೆಪಾಟಲು ಮಾಡಿದ ಅವಿವೇಕಿ ಅಂತ."

"ಅದನ್ನ ಆರು ತಿಂಗಳ ಹಿಂದೇನೇ ಹೇಳಿದೀನಿ," ಎಂದರು ಆಕೆ. "ಇವತ್ತು ಮುಂದಿನದು ಹೇಳ್ಬೇಕಲ್ಲ."