ಮೂರನೇ ಬಡಿತದ ನಂತರ

ಬೆಳಿಗ್ಗೆ ಎಂಟಕ್ಕೆ ಸಾಬೂನು ಮಾಡುವ ಹೆಂಗಸು ಫೋನ್ ತೆರೆದಳು. ಅವಳ ಪುಟವೇ ಇರಲಿಲ್ಲ. ಎರಡು ವರ್ಷದ ವಿಡಿಯೊಗಳು, ನಲವತ್ತು ಸಾವಿರ ಅನುಯಾಯಿಗಳು, ಎಲ್ಲ ಮಂಗಮಾಯ. ಉಳಿದದ್ದು ಒಂದೇ ಸಾಲು: 'ನೀವು ಬಳಸಿದ ಧ್ವನಿ ಬೇರೆಯವರ ಸ್ವತ್ತು.' ಹತ್ತು ಗಂಟೆಗೆ ಬಾಗಿಲಿಗೆ ಪೊಲೀಸರೂ ಬಂದರು.

ಬಂದವಳು ಸೈಬರ್ ವಿಭಾಗದ ಇನ್ಸ್‌ಪೆಕ್ಟರ್. ಠಾಣೆಯವರು ಬೆನ್ನ ಹಿಂದೆ ಅವಳನ್ನು 'ಪಾತಾಳಗರಡಿ' ಎನ್ನುತ್ತಿದ್ದರು. ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಯ ಹಾಗೆ ಇವಳೂ ತಳ ಕೆದಕದೆ ಮೇಲೆ ಬರುವವಳಲ್ಲ. ಈ ಹೆಸರು ಅವಳಿಗೂ ಗೊತ್ತಿತ್ತು. ಬೇಜಾರೇನಿರಲಿಲ್ಲ.

ಅವಳ ಕೈಯಲ್ಲಿ ಒಂದು ದೊಡ್ಡ ಸಾಬೂನು ಕಂಪನಿಯ ದೂರಿತ್ತು. ನಮ್ಮ ಜಾಹೀರಾತಿನ ಗುರುತಿನ ಸದ್ದನ್ನು ಈಕೆ ಕದ್ದಿದ್ದಾಳೆ, ಇವಳ ಮೊದಲ ವಿಡಿಯೊ ಬರುವುದಕ್ಕೆ ಎರಡು ವಾರ ಮೊದಲೇ ನಮ್ಮ ಧ್ವನಿ ಕಡತ ಸಿದ್ಧವಾಗಿತ್ತು, ತಾರೀಖು ನೋಡಿಕೊಳ್ಳಿ. ಜೊತೆಗೊಂದು ಮುಚ್ಚಳಿಕೆ ಪತ್ರ: 'ಪರರ ಧ್ವನಿಯನ್ನು ಕದ್ದು ನನ್ನದೆಂದು ಬಳಸಿದ್ದೇನೆ. ಕ್ಷಮೆ ಕೋರುತ್ತೇನೆ.' ನಾಳೆ ಮಧ್ಯಾಹ್ನದೊಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಮೊಕದ್ದಮೆ.

ಸದ್ದು ನಾಲ್ಕೇ ಸೆಕೆಂಡಿನದು. ಟಕ್, ಟಕ್, ಟಕ್. ಸ್ವಲ್ಪ ತಡೆ. ಟೊಣ್. ಆಮೇಲೆ ಎರಡು ಸ್ವರದ ಗುನುಗು. ಪರದೆ ನೋಡದೆಯೇ ಜನ 'ಇದು ಅವಳ ಸಾಬೂನು' ಎಂದು ಗುರುತು ಹಿಡಿಯುತ್ತಿದ್ದರು.

"ಇದು ಸಂಗೀತ ಅಲ್ಲ ಮೇಡಂ, ಕೆಲಸ," ಎಂದಳು ಹೆಂಗಸು.

ಅವಳು ಮಾಡಿ ತೋರಿಸಿದಳು. ಸಾಲಾಗಿಟ್ಟ ನಾಲ್ಕು ಮರದ ಅಚ್ಚುಗಳಿಗೆ ಸಾಬೂನಿನ ಪಾಕ ಸುರಿದಳು. ಒಳಗೆ ಗುಳ್ಳೆ ಉಳಿಯಬಾರದೆಂದು ಒಂದೊಂದಕ್ಕೂ ಸೌಟಿನಿಂದ ಬಡಿದಳು. ನಾಲ್ಕನೆಯದರ ತಳದ ಹಲಗೆ ಸೊಟ್ಟಗಾಗಿತ್ತು. ಅದರ ಮೂಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿಯದೆ ಬಡಿದರೆ ಪಾಕ ಚೆಲ್ಲುತ್ತಿತ್ತು. ತಡೆ ಬಂದದ್ದು ಅದಕ್ಕೆ. ಮೇಜಿನಿಂದ ಮೇಲೆದ್ದ ಅಚ್ಚು ಬೇರೆ ದನಿ ಕೊಟ್ಟದ್ದೂ ಅದಕ್ಕೇ.

ಪಾತಾಳಗರಡಿಗೆ ಮೈ ಉರಿಯಿತು. ಮಾಲು ಯಾರದೆಂದು ಗೊತ್ತಾಯಿತು. ಆದರೆ ತಾರೀಖಿನ ಮುಂದೆ ಕಿವಿಯ ಸಾಕ್ಷಿ ನಿಲ್ಲುವುದಿಲ್ಲ. ಮೊದಲ ಧ್ವನಿಮುದ್ರಣ ಎಲ್ಲಿ ಎಂದು ಕೇಳಿದಳು. ಹೆಂಗಸು ತಲೆ ತಗ್ಗಿಸಿದಳು. ಅದು ಅವಳ ಅಕ್ಕನ ಗಂಡನ ಫೋನಿನಲ್ಲಿತ್ತು. ಬಾವ ಜಗಳವಾಡಿ ಹೋಗಿ ಆರು ತಿಂಗಳಾಗಿತ್ತು. ಈಗ ಅದೇ ಕಂಪನಿಗೆ ಫೋಟೊ ತೆಗೆಯುತ್ತಿದ್ದ.

* * *

ಬಾವ ಸ್ಟುಡಿಯೊದಲ್ಲಿ ಶಾಂಪೂ ಬಾಟಲಿಗೆ ದೀಪ ಹಿಡಿಯುತ್ತಿದ್ದ. ಇನ್ಸ್‌ಪೆಕ್ಟರನ್ನು ಕಂಡದ್ದೇ ಬೆವರಿದ. ಧ್ವನಿಮುದ್ರಣ ಮಾಡಿದ್ದೇ ತಾನಲ್ಲ ಎಂದ. ಮಾಡಿದ್ದೆ, ಆದರೆ ಫೋನ್ ಕಳೆದುಹೋಯಿತು ಎಂದ. ಫೋನು ಅವನ ಜೇಬಿನಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅವಳು ಸುಮ್ಮನೆ ಕೈ ಚಾಚಿದಳು. ಫೋನಿನಲ್ಲಿ ನಾದಿನಿಯ ಒಂದು ವಿಡಿಯೊವೂ ಉಳಿದಿರಲಿಲ್ಲ.

"ಜಗಳದ ದಿನ ಸಿಟ್ಟಲ್ಲಿ ಎಲ್ಲ ಅಳಿಸಿಬಿಟ್ಟೆ," ಎಂದ. "ಇವತ್ತು ಅವಳನ್ನ ಉಳಿಸ್ತಿದ್ದದ್ದು ಅದೊಂದೇ. ಯಾವ ಬಾಯಲ್ಲಿ ಹೇಳ್ಲಿ?"

ನಾಚಿಕೆಯೂ ಕೆಲವೊಮ್ಮೆ ಕಳ್ಳತನದ ವೇಷ ಹಾಕುತ್ತದೆ. ಪುಟಕ್ಕೆ ಹಾಕುವ ಮೊದಲು ಅದನ್ನು ಯಾರಾದರೂ ಕೇಳಿದ್ದರೇ ಎಂದು ವಿಚಾರಿಸಿದಳು.

"ಮೇಷ್ಟ್ರು ಕೇಳಿದ್ರಲ್ಲ. ತರಗತಿಗೆ ಕಳಿಸಿದ್ವಿ."

* * *

ಮೇಷ್ಟ್ರು ಎಂದರೆ ಬ್ರ್ಯಾಂಡ್ ಸಲಹೆಗಾರ. ಎರಡು ವರ್ಷದ ಹಿಂದೆ ಸಣ್ಣ ಕಸುಬಿನವರಿಗೆಂದು ಉಚಿತ ತರಗತಿ ನಡೆಸಿದ್ದ. 'ನಿಮ್ಮ ಸದ್ದೇ ನಿಮ್ಮ ವಿಳಾಸ' ಎಂಬುದು ಅವನ ಘೋಷಣೆ. ಬೆರಳು ಮುಂದೆ ಜಾರುವ ಮೊದಲು ಕಿವಿ ಹಿಡಿದು ನಿಲ್ಲಿಸಿ. ಕೊಂಡು ತಂದ ಹಾಡು ಬೇಡ, ನಿಮ್ಮ ಕೆಲಸದಲ್ಲೇ ಇರುವ ಸದ್ದು ಹುಡುಕಿ. ನನಗೆ ಕಳಿಸಿ, ತಿದ್ದಿಕೊಡುತ್ತೇನೆ. ಪಾಠವೇನೋ ಅಪ್ಪಟ ಚಿನ್ನ. ಇಪ್ಪತ್ತೆರಡು ಜನ ನಂಬಿ ಅವನ ಜಾಲತಾಣಕ್ಕೆ ಸದ್ದು ತುಂಬಿದರು. ತರಗತಿ ಮುಗಿದ ವಾರವೇ ಆ ತಾಣ ಮುಚ್ಚಿತು.

ಪಾತಾಳಗರಡಿ ಸಂಜೆಯವರೆಗೆ ಅವರ ಅಂಗಡಿಗಳನ್ನು ಸುತ್ತಿದಳು. ಬೀಗ ರಿಪೇರಿಯವನು ಕೀಲಿಗೊಂಚಲು ಆಡಿಸುತ್ತಿದ್ದ ಲಯ ಈಗ ಒಂದು ಗೃಹಸಾಲದ ಜಾಹೀರಾತಿನಲ್ಲಿತ್ತು. ಛತ್ರಿ ರಿಪೇರಿಯವಳ ಗುಂಡಿಯ 'ಟಪ್' ಒಂದು ವಿಮಾ ಕಂಪನಿಯದಾಗಿತ್ತು. ಇಬ್ಬರಿಗೂ ನೋಟಿಸ್ ಬಂದಿತ್ತು. ಇಬ್ಬರೂ ಮುಚ್ಚಳಿಕೆಗೆ ಸಹಿ ಹಾಕಿದ್ದರು. ಸ್ವಂತ ಕೈಯ ಸದ್ದನ್ನು ತಾವೇ ಕದ್ದೆವೆಂದು ಬರೆದುಕೊಟ್ಟಿದ್ದರು.

ಯಾರು ಹೇಳಿದ್ದು ಸಹಿ ಹಾಕಿ ಅಂತ ಎಂದು ಕೇಳಿದಳು.

"ಮೇಷ್ಟ್ರೇ ಫೋನ್ ಮಾಡಿ ಸಮಾಧಾನ ಹೇಳಿದ್ರು," ಎಂದ ಬೀಗದವನು. "ದೊಡ್ಡೋರ ಎದುರು ನಿಲ್ಲೋಕಾಗುತ್ತಾ ಅಂದ್ರು. ಪಾಪ, ತುಂಬಾ ನೊಂದ್ಕೊಂಡ್ರು."

ಸಾಬೂನಿನವಳಿಗೂ ಬೆಳಿಗ್ಗೆಯೇ ಆ ಫೋನ್ ಬಂದಿತ್ತು. ಪಾತಾಳಗರಡಿ ಜೀಪಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿಕೊಂಡಳು. ಮನೆ ಹಾಳು ಮಾಡಿ ಕಣ್ಣೊರೆಸಲು ಬರುವ ಕಳ್ಳನನ್ನು ಅವಳು ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

* * *

ಮರುದಿನ ಮಧ್ಯಾಹ್ನ ಕಂಪನಿಯ ಸಭಾಕೊಠಡಿ. ಗಾಜಿನ ಮೇಜು, ತಣ್ಣಗಿನ ಗಾಳಿ. ಮ್ಯಾನೇಜರ್ ಮುಚ್ಚಳಿಕೆ ಪತ್ರವನ್ನು ನೀಟಾಗಿ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಮೇಷ್ಟ್ರು. ಸದ್ದು ಕಟ್ಟಿ ಕಂಪನಿಗೆ ಮಾರಿದವನು ತಾನೇ ಎಂದು ಇನ್ಸ್‌ಪೆಕ್ಟರಿಗೆ ಒಪ್ಪಿಕೊಂಡೇ ಬಂದಿದ್ದ. ಎದುರಿಗೆ ಸಾಬೂನಿನ ಹೆಂಗಸು. ಅವಳ ಕಾಲ ಬಳಿ ಒಂದು ಗೋಣಿಚೀಲ.

ಹೇಗೆ ಮಾಡಿದಿರಿ ಎಂದು ಪಾತಾಳಗರಡಿ ಕೇಳಿದಳು. ಒಬ್ಬನೇ, ಸ್ಟುಡಿಯೊದಲ್ಲಿ, ಪೂರ್ತಿ ಕೀಬೋರ್ಡಿನಲ್ಲಿ ಎಂದ ಮೇಷ್ಟ್ರು.

"ಮೂರನೇ ಬಡಿತ ಆದ್ಮೇಲೆ ಆ ತಡೆ ಯಾಕೆ?"

"ಮೌನವೂ ಸಂಗೀತವೇ," ಎಂದ ಅವನು ನಕ್ಕು.

ಅವಳು ಕಂಪನಿಯ ಮೂಲ ಕಡತವನ್ನೇ ಹಾಕಿದಳು. ಆ ತಡೆ ಬರುವಾಗ ದನಿ ಪೂರ್ತಿ ಏರಿಸಿದಳು. ಮೌನದೊಳಗಿಂದ ಸಣ್ಣಗೆ 'ಕಿರ್ರ್' ಎಂದಿತು.

ಹೆಂಗಸು ಚೀಲದಿಂದ ನಾಲ್ಕನೇ ಅಚ್ಚನ್ನು ತೆಗೆದು ಗಾಜಿನ ಮೇಲಿಟ್ಟಳು. ಎಡಗೈಯಲ್ಲಿ ಅದರ ಮೂಲೆ ಎತ್ತಿದಳು. ಸೊಟ್ಟ ಹಲಗೆ ಕಿರ್ರ್ ಎಂದಿತು.

"ನಿಮ್ಮ ಕೀಬೋರ್ಡಿಗೆ ಹಲಗೆ ಇದೆಯಾ ಮೇಷ್ಟ್ರೇ?" ಎಂದು ಅವಳೇ ಕೇಳಿದಳು.

ಪಾತಾಳಗರಡಿ ಬಿಡಿಸಿ ಹೇಳಿದಳು. ಗುನುಗನ್ನು ಅವನು ಬೇರೆ ಗಾಯಕಿಯಿಂದ ಹಾಡಿಸಿದ್ದ. ಬಡಿತವನ್ನು ಮಾತ್ರ ಇದ್ದ ಹಾಗೇ ಇಟ್ಟುಕೊಂಡಿದ್ದ, ಅದರ ಜೀವ ಕೀಬೋರ್ಡಿಗೆ ಬರುತ್ತಿರಲಿಲ್ಲ. ತಡೆಯಲ್ಲಿ ಏನೂ ಇಲ್ಲವೆಂದುಕೊಂಡು ಅಲ್ಲಿನ ಸಣ್ಣ ಸದ್ದುಗಳನ್ನು ಅಳಿಸಲಿಲ್ಲ. ಕೆಲಸ ಮಾಡಿ ಗೊತ್ತಿಲ್ಲದವನಿಗೆ, ಕೈ ಸುಮ್ಮನಿದ್ದಂತೆ ಕಾಣುವ ಹೊತ್ತಿನಲ್ಲೂ ಕೆಲಸ ನಡೆಯುತ್ತದೆಂದು ಹೇಗೆ ಗೊತ್ತಾಗಬೇಕು? ಇನ್ನು ತಾರೀಖು. ಪುಟದಿಂದ ಕದ್ದಿದ್ದರೆ ಕಡತ ವಿಡಿಯೊದ ನಂತರದ್ದಾಗಬೇಕು. ಎರಡು ವಾರ ಮೊದಲು ಈ ಸದ್ದು ಇದ್ದದ್ದು ಎರಡೇ ಕಡೆ: ಬಾವನ ಫೋನು, ತರಗತಿಯ ಜಾಲತಾಣ. ಬಾವನಿಗೆ ಬೀಗದವನ ಸದ್ದಾಗಲಿ ಛತ್ರಿಯವಳ ಸದ್ದಾಗಲಿ ಸಿಕ್ಕಿರಲು ಸಾಧ್ಯವಿರಲಿಲ್ಲ. ಮೂರೂ ಸಿಕ್ಕಿದ್ದು ಒಬ್ಬನಿಗೇ. ಕಂಪನಿ ಸಾಕ್ಷಿಯೆಂದು ತಂದ ತಾರೀಖೇ ಅವನ ಕುತ್ತಿಗೆಗೆ ಬಂತು.

"ಬರೀ ಅಚ್ಚು ಬಡಿಯೋ ಸದ್ದದು," ಎಂದ ಮೇಷ್ಟ್ರು ಕೊನೆಗೆ. "ಅದಕ್ಕೊಂದು ಬೆಲೆ ತಂದ್ಕೊಟ್ಟದ್ದು ನಾನು."

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. ತಮಗೇನೂ ಗೊತ್ತಿರಲಿಲ್ಲ, ದೂರು ಹಿಂದೆ ಪಡೆಯುತ್ತೇವೆ, ಪುಟ ಮರಳಿ ಬರುತ್ತದೆ, ಪತ್ರವನ್ನು ಮರೆತುಬಿಡಿ ಎಂದು ಅದನ್ನು ಮಡಚಲು ಹೋದ.

ಹೆಂಗಸು ಅವನ ಕೈಯಿಂದ ಪತ್ರ ತೆಗೆದುಕೊಂಡಳು. ನಿಧಾನವಾಗಿ ಓದಿದಳು. ಪೆನ್ನು ತೆಗೆದು ತನ್ನ ಹೆಸರಿದ್ದ ಜಾಗಕ್ಕೆ ಅಡ್ಡಗೆರೆ ಎಳೆದು ಅದನ್ನು ಮೇಷ್ಟ್ರ ಮುಂದೆ ಸರಿಸಿದಳು.

"ಇಲ್ಲಿ ನಿಮ್ಮ ಹೆಸರು ಬರೀರಿ," ಎಂದಳು. "ಉಳಿದದ್ದೆಲ್ಲ ಸರಿಯಾಗೇ ಇದೆ."