ಒಂದೇ ಕಡೆ ತಿರುಗಿದ ಕೊಂಬುಗಳು

"ಏ ಜಿಬೆಕ್, ನಿಮ್ಮಮ್ಮ ಹುಳ ಬಿಡಿಸ್ತಿದಾರೇನೇ?"

ಎಲ್ದಿಯಾರ್ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಪಕ್ಕದ ಮನೆಯವನು, ಜಿಬೆಕ್‌ಳ ಕ್ಲಾಸಿನವನೇ. ಬಾಯಿ ತುಂಬ ಸೂರ್ಯಕಾಂತಿ ಬೀಜ. ಮಾತಿಗೊಮ್ಮೆ ಸಿಪ್ಪೆ ಉಗುಳುತ್ತಿದ್ದ.

ಜಿಬೆಕ್ ಅಂಗಳದ ಕಡೆ ತಿರುಗಲಿಲ್ಲ. ತಿರುಗದಿದ್ದರೂ ಅಲ್ಲೇನಿದೆ ಎಂದು ಅವಳಿಗೆ ಗೊತ್ತಿತ್ತು. ಅಂಗಳದ ನಡುವೆ ಜೊಂಡಿನ ದೊಡ್ಡ ಚಾಪೆ. ಚಾಪೆಯ ಮೇಲೆ ಬಿಳಿ ಉಣ್ಣೆಯ ದಪ್ಪ ಹಾಸು. ಬೆಳಗಿನಿಂದ ಅಮ್ಮ ಅದರ ಪಕ್ಕ ಮಂಡಿಯೂರಿ ಕಪ್ಪು ಉಣ್ಣೆಯನ್ನು ಎಳೆ ಎಳೆಯಾಗಿ ಜೋಡಿಸುತ್ತಿದ್ದಳು. ಆ ಗೆರೆಗಳು ಬಳುಕುತ್ತ ಹೋಗಿ, ಕವಲೊಡೆದು, ಮತ್ತೆ ಯಾವುದೋ ಗೆರೆಗೆ ಅಂಟಿಕೊಳ್ಳುತ್ತಿದ್ದವು. ಮೊದಲು ಎಲ್ಲಿ, ಕೊನೆ ಎಲ್ಲಿ, ಒಂದೂ ತಿಳಿಯುತ್ತಿರಲಿಲ್ಲ.

"ಹುಳ ಅಲ್ಲ," ಎಂದಳು ಜಿಬೆಕ್.

"ಮತ್ತೆ? ಶ್ಯಾವಿಗೆಯಾ?"

"ಅದು ಇನ್ನೂ ಮುಗಿದಿಲ್ಲ ಕಣೋ. ಮಧ್ಯದಲ್ಲಿ ಟಗರಿನ ಕೊಂಬು ಬರುತ್ತೆ. ದೊಡ್ಡದು. ಕೆಂಪಂದ್ರೆ ಕೆಂಪು."

ಮಾತು ಬಾಯಿಂದ ಹೊರಬಿದ್ದ ಮೇಲೆ ಜಿಬೆಕ್‌ಳಿಗೇ ಆಶ್ಚರ್ಯವಾಯಿತು, ಅಂಥ ಕೊಂಬು ಅಮ್ಮನ ಮನಸ್ಸಿನಲ್ಲೇ ಇರಲಿಲ್ಲ. ಎಲ್ದಿಯಾರ್ ನಕ್ಕ. "ನಿಮ್ಮಮ್ಮ? ಕೊಂಬು? ನೋಡೇಬಿಡ್ತೀನಿ. ಮಧ್ಯಾಹ್ನ ನಮ್ಮಮ್ಮನ ಜೊತೆ ಬರ್ತೀನಿ ಬಿಡು." ಗೋಡೆಯಿಂದ ಆಚೆಗೆ ಧುಮುಕಿದ.

ಅವರ ಊರು ಕೋಚ್ಕೋರ್‌ನಲ್ಲಿ ಯಾರ ಮನೆಗೆ ಹೋದರೂ ಕಂಬಳಿಯ ಮೇಲೆ ಟಗರಿನ ಕೊಂಬು ಇದ್ದೇ ಇರುತ್ತಿತ್ತು. ಒಂದು ಕೊಂಬು ಎಡಕ್ಕೆ ಸುರುಳಿ, ಇನ್ನೊಂದು ಬಲಕ್ಕೆ. ನೋಡಿದವರು "ಚೆನ್ನಾಗಿದೆ" ಎಂದು ಕೂತು ಚಹಾ ಕುಡಿಯುತ್ತಿದ್ದರು. ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಜಿಬೆಕ್‌ಳಿಗೆ ಬೇಕಾಗಿದ್ದದ್ದು ಅಷ್ಟೇ, ಯಾರೂ ಏನನ್ನೂ ಕೇಳದಂಥ ಒಂದು ಕಂಬಳಿ.

ಮೊದಲೆಲ್ಲ ಅಮ್ಮನೂ ಎಲ್ಲರಿಗೂ ತಿಳಿಯುವಂಥದ್ದನ್ನೇ ಮಾಡುತ್ತಿದ್ದಳು. ಕುದುರೆ ಬಿಡಿಸುತ್ತಿದ್ದಳು, ಬೆಟ್ಟ ಬಿಡಿಸುತ್ತಿದ್ದಳು. ಎಲ್ದಿಯಾರ್ ಮನೆಯಲ್ಲಿ ಈಗಲೂ ಅವಳ ಕುದುರೆ ಪೇಂಟಿಂಗ್ ಟಿವಿಯ ಮೇಲೆ ತೂಗುತ್ತದೆ. ಆಮೇಲೆ ಒಂದು ಚಳಿಗಾಲ ಅಮ್ಮನ ಕೈಗೆ ದಪ್ಪನೆಯ ಸೈನ್ಸ್ ಪುಸ್ತಕವೊಂದು ಸಿಕ್ಕಿತು. ಒಂದು ಭೂತಗನ್ನಡಿಯೂ ಸಿಕ್ಕಿತು. ಅವಳು ಕಲ್ಲಿನ ಮೇಲಿನ ಪಾಚಿ ನೋಡಿದಳು, ಕಿಟಕಿಯ ಮೇಲಿನ ಮಂಜು ನೋಡಿದಳು, ಸತ್ತ ಮೀನಿನ ಚರ್ಮವನ್ನೂ ಬಿಡಲಿಲ್ಲ. ಚಿತ್ರದಿಂದ ಮೊದಲು ಕುದುರೆ ಹೋಯಿತು, ಆಮೇಲೆ ಬೆಟ್ಟ ಹೋಯಿತು. ಬರೀ ಉಂಗುರಗಳು ಉಳಿದವು. ಉಂಗುರಗಳು ಹೋಗಿ ಬರೀ ಚುಕ್ಕೆಗಳು ಬಂದವು. "ಕುದುರೆ ಎಲ್ಲಿಗೆ ಓಡಿಹೋಯ್ತು, ಅನಾರ್‌ಕುಲ್?" ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಅಮ್ಮನೂ ನಗುತ್ತಿದ್ದಳು. ಜಿಬೆಕ್‌ಳಿಗೆ ನಗು ಬರುತ್ತಿರಲಿಲ್ಲ.

ಹೋದ ವರ್ಷ ಅಮ್ಮ ಬಣ್ಣವನ್ನೂ ಬಿಟ್ಟು ಉಣ್ಣೆ ಹಿಡಿದಳು. "ಬಣ್ಣ ಇಟ್ಟಲ್ಲೇ ಇರುತ್ತೆ. ಉಣ್ಣೆ ತಾನೇ ಸರಿಯುತ್ತೆ, ತಾನೇ ಬೆರೆಯುತ್ತೆ. ನನಗೆ ಅದೇ ಬೇಕು," ಎಂದು ಅಪ್ಪನಿಗೆ ಹೇಳಿದ್ದು ಜಿಬೆಕ್‌ಳ ಕಿವಿಗೆ ಬಿದ್ದಿತ್ತು. ಮೊದಲನೆಯ ಕಂಬಳಿಯಲ್ಲಿ ಬರೀ ಚುಕ್ಕೆ. ಎರಡನೆಯದರಲ್ಲಿ ಚುಕ್ಕೆಗಳು ಉದ್ದವಾಗಿ ಒಂದನ್ನೊಂದು ಮುಟ್ಟಿದ್ದವು. ಎರಡೂ ನಡುಮನೆಯ ಗೋಡೆಯಲ್ಲಿದ್ದವು. ಗೆಳತಿಯರು ಬರುತ್ತಾರೆಂದು ಗೊತ್ತಾದರೆ ಜಿಬೆಕ್ ಕುರ್ಚಿ ಹತ್ತಿ ಅವುಗಳ ಮುಖವನ್ನು ಗೋಡೆಗೆ ತಿರುಗಿಸಿಬಿಡುತ್ತಿದ್ದಳು. ಅವರು ಹೋದ ಮೇಲೆ ಮತ್ತೆ ನೇರ ಮಾಡುತ್ತಿದ್ದಳು. ಅಮ್ಮನಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಜಿಬೆಕ್ ಅಂದುಕೊಂಡಿದ್ದಳು.

ಇವತ್ತಿನದು ಮೂರನೆಯದು, ಕೊನೆಯದು. ಮುಂದಿನ ವಾರ ಮೂರೂ ಕಂಬಳಿಗಳು ರಾಜಧಾನಿ ಬಿಷ್ಕೆಕ್‌ನ ಪ್ರದರ್ಶನಕ್ಕೆ ಹೋಗಬೇಕಿತ್ತು.

"ಜಿಬೆಕ್, ಗಾಳಿ ಎದ್ದಿದೆ. ಆ ಹಳೇ ಬೆಡ್‌ಶೀಟು ತಾ," ಅಮ್ಮ ಕೂಗಿದಳು.

ಇಬ್ಬರೂ ಸೇರಿ ಉಣ್ಣೆಯ ಮೇಲೆ ಬಟ್ಟೆ ಹೊದಿಸಿ ಅಂಚಿಗೆ ಕಲ್ಲಿಟ್ಟರು. ಇದು ನೇಯುವ ಕಂಬಳಿಯಲ್ಲ, ಬಿಸಿನೀರು ಹಾಕಿ ಒದ್ದು ಗಟ್ಟಿ ಮಾಡುವಂಥದ್ದು. ನೀರನ್ನು ಬಟ್ಟೆಯ ಮೇಲೆಯೇ ಸುರಿಯುವುದು, ಹಾಗಾದರೆ ಎಳೆಗಳು ಕದಲುವುದಿಲ್ಲ.

"ಸಾಲ್ಕಿನಕ್ಕನ ಮನೆಯಿಂದ ದೊಡ್ಡ ಹಂಡೆ ತರ್ತೀನಿ. ಕೋಳಿ ಬರದ ಹಾಗೆ ನೋಡ್ಕೊ, ಪುಟ್ಟಾ."

ಗೇಟಿನ ಸದ್ದಾಯಿತು. ಅಮ್ಮ ಹೋದಳು. ಕೋಳಿಗಳು ತಮ್ಮಷ್ಟಕ್ಕೆ ಮಣ್ಣು ಕೆದಕುತ್ತಿದ್ದವು.

ಜಿಬೆಕ್ ಉಗ್ರಾಣಕ್ಕೆ ಓಡಿದಳು. ಮೂಟೆಯೊಳಗೆ ಕೆಂಪು ಉಣ್ಣೆ ಉಳಿದಿತ್ತು. ಎರಡು ಕೈಯಲ್ಲೂ ಬಾಚಿ ತಂದಳು. ಕಲ್ಲು ಸರಿಸಿ, ಬಟ್ಟೆ ಎತ್ತಿ, ಮಧ್ಯಕ್ಕೆ ಕೈ ಚಾಚಿ ಒಂದು ಕೊಂಬು ಬಾಗಿಸಿದಳು. ಸ್ಲೇಟಿನ ಮೇಲೆ ಕಣ್ಣುಮುಚ್ಚಿ ಬಿಡಿಸಬಲ್ಲ ಕೊಂಬು ಅದು. ಆದರೆ ಉಣ್ಣೆ ಸೀಮೆಸುಣ್ಣದ ಹಾಗಲ್ಲ, ಬೆರಳಿಗೆ ಅಂಟುತ್ತಿತ್ತು. ಕಿವಿ ಗೇಟಿನ ಕಡೆಗಿತ್ತು. ಬೇಗ ಬೇಗ ಚಾಪೆಯ ಆಚೆ ಬದಿಗೆ ಹೋಗಿ, ಅಲ್ಲಿಂದ ಬಗ್ಗಿ ಎರಡನೆಯದನ್ನೂ ಇಟ್ಟಳು. ಬಟ್ಟೆ ಎಳೆದಳು. ಕಲ್ಲಿಟ್ಟಳು.

ಅಷ್ಟರಲ್ಲಿ ಬೀದಿಯ ಹೆಂಗಸರು ಬಂದೇಬಿಟ್ಟರು.

ಕಂಬಳಿ ಮಾಡುವ ದಿನ ಯಾರನ್ನೂ ಎರಡು ಸಲ ಕರೆಯಬೇಕಾಗಿಲ್ಲ. ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ ಅದು. ಎಲ್ದಿಯಾರ್‌ನ ಅಮ್ಮ ಸಾಲ್ಕಿನಕ್ಕ ಹಂಡೆಯ ಒಂದು ಕಡೆ ಹಿಡಿದಿದ್ದಳು, ಅಮ್ಮ ಇನ್ನೊಂದು ಕಡೆ. ಹಿಂದೆ ಎಲ್ದಿಯಾರ್. ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಬಾತ್ಮಾ ಅಜ್ಜಿ. ಇಡೀ ಬೀದಿಗೆ ಕಂಬಳಿಯ ವಿಷಯದಲ್ಲಿ ಅಜ್ಜಿಯದೇ ಕೊನೆಯ ಮಾತು.

"ಶುರು ಮಾಡ್ರೇ. ನನ್ನ ಕೈ ಅಲ್ಲ, ನಮ್ಮನ್ನ ಕಾಯೋ ಉಮಾಯ್ ತಾಯಿಯ ಕೈ," ಎಂದು ಅಜ್ಜಿ ಮೊದಲ ಚೊಂಬು ಬಿಸಿನೀರು ಸುರಿದಳು. ಆವಿ ಎದ್ದಿತು. ಒದ್ದೆ ಉಣ್ಣೆಯ ವಾಸನೆ ಅಂಗಳವನ್ನೆಲ್ಲ ತುಂಬಿತು. ಚಾಪೆಯನ್ನು ಸುತ್ತಿ ಹಗ್ಗ ಬಿಗಿದರು. ಇಬ್ಬರು ಹಗ್ಗ ಹಿಡಿದು ಎಳೆದರು, ಉಳಿದವರು ಸಾಲಾಗಿ ನಿಂತು ಉರುಳೆಯನ್ನು ಕಾಲಿನಿಂದ ಒದೆಯತೊಡಗಿದರು.

"ಒದಿ ಜಿಬೆಕ್, ಒದಿ! ಬೆಳಿಗ್ಗೆ ಗಂಜಿ ಕುಡಿದಿಲ್ವಾ?" ಸಾಲ್ಕಿನಕ್ಕ ಕೂಗಿದಳು.

"ಒದೀತಿದೀನಲ್ಲ!"

"ಗಂಡನ್ನ ನೆನೆಸ್ಕೊಂಡು ಒದಿ ಅಂತ ನನಗೆ ಹೇಳಿಕೊಟ್ಟಿದ್ರು. ನಿನಗೆ ಗಂಡ ಇಲ್ಲ, ಲೆಕ್ಕದ ಟೀಚರನ್ನ ನೆನೆಸ್ಕೊ!"

ಎಲ್ಲರೂ ಘೊಳ್ಳೆಂದು ನಕ್ಕರು. ಜಿಬೆಕ್ ಒದ್ದಳು. ಒಂದೊಂದು ಒದೆತಕ್ಕೂ ಒಳಗೆ ಕೆಂಪು ಉಣ್ಣೆ ಬಿಳಿಯದನ್ನು ಇನ್ನಷ್ಟು ಕಚ್ಚಿಕೊಳ್ಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಈಗ ಹೇಳಿದರೆ ಬಿಚ್ಚಬಹುದು. ಇನ್ನೂ ಬಿಚ್ಚಬಹುದು. ಅವಳು ಬಾಯಿ ತೆರೆದಳು. ಪಕ್ಕದಲ್ಲೇ ಎಲ್ದಿಯಾರ್ ಒದೆಯುತ್ತಿದ್ದ. ಬಾಯಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಉರುಳೆಯ ಸದ್ದೇ ಬದಲಾಯಿತು, ಮೆತ್ತಗಿದ್ದದ್ದು ದಪ್ ದಪ್ ಎಂದು ಗಟ್ಟಿಯಾಯಿತು. ಇನ್ನು ಬಿಚ್ಚಿದರೂ ಏನೂ ಪ್ರಯೋಜನವಿಲ್ಲ ಎಂದು ಆ ಸದ್ದೇ ಹೇಳಿತು.

"ಬಿಡಿಸಿ ನೋಡೋಣ," ಎಂದಳು ಅಜ್ಜಿ.

ಹಗ್ಗ ಬಿಚ್ಚಿದರು. ಚಾಪೆ ಬಿಡಿಸಿದರು. ಅಮ್ಮ ಎರಡು ಕೈಯಲ್ಲಿ ಬಟ್ಟೆಯ ತುದಿ ಹಿಡಿದು ಮೆಲ್ಲಗೆ ಎಳೆದಳು. ಅವಳ ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಹುಟ್ಟುಹಬ್ಬದ ಉಡುಗೊರೆ ತೆರೆಯುವವಳ ಹಾಗಿದ್ದಳು.

ಬಟ್ಟೆ ಮಧ್ಯದವರೆಗೆ ಬಂತು. ಅಮ್ಮನ ಕೈ ನಿಂತಿತು.

ಆಮೇಲೆ ಸಾಲ್ಕಿನಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಹಿಡಿದರೂ ನಗು ಹೊರಗೆ ಹಾರಿತು.

"ಅಯ್ಯೋ ಅನಾರ್‌ಕುಲ್! ಇದೇನು ಟಗರೇ? ಎರಡೂ ಕೊಂಬು ಒಂದೇ ಕಡೆ!"

ನಿಜ. ಚಾಪೆಯ ಆಚೆ ಬದಿಯಿಂದ ಬಗ್ಗಿ ಇಟ್ಟಿದ್ದಳಲ್ಲ, ಅಲ್ಲಿ ಎಡ ಬಲ ತಿರುವುಮುರುವಾಗಿತ್ತು. ಎರಡು ಕೊಂಬುಗಳೂ ಗಾಳಿಗೆ ಬಿದ್ದ ಹುಲ್ಲಿನ ಹಾಗೆ ಎಡಕ್ಕೇ ವಾಲಿದ್ದವು. ಕೆಳಗೆ ಅಮ್ಮನ ಕಪ್ಪು ಗೆರೆಗಳು ಕೊಂಬಿನ ಅಡಿಯಲ್ಲಿ ಸಿಕ್ಕಿ ಕಲಸಿಹೋಗಿದ್ದವು.

"ಓಡೋ ಟಗರು ಇರಬೇಕು!"

"ಉಮಾಯ್ ತಾಯಿಗೆ ಇವತ್ತು ಕನ್ನಡಕ ಸಿಗಲಿಲ್ವೇನೋ!"

"ಕುದುರೆ ಎಷ್ಟು ಚಂದ ಬಿಡಿಸ್ತಿದ್ದಳು, ಪಾಪ..."

ಕೊನೆಯದನ್ನು ಯಾರೋ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದೇ ಜಿಬೆಕ್‌ಳ ಎದೆಗೆ ಜೋರಾಗಿ ನಾಟಿತು. ಅಮ್ಮನನ್ನು ನೋಡಿ ಯಾರೂ ನಗಬಾರದೆಂದು ತಾನು ಇಟ್ಟ ಕೊಂಬು. ಇಡೀ ಬೀದಿ ಈಗ ಅದನ್ನೇ ನೋಡಿ ನಗುತ್ತಿತ್ತು.

ಬಾತ್ಮಾ ಅಜ್ಜಿ ನಗಲಿಲ್ಲ. ಕೋಲಿನ ತುದಿಯಿಂದ ಕೊಂಬು ಮುಟ್ಟಿದಳು. "ಯಾರ ಕೈಯೇ ಇದು?"

ಅಮ್ಮ ಒಂದು ಸಲ ಜಿಬೆಕ್‌ಳನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ಎಷ್ಟೋ ವಾಸಿಯಿತ್ತು. ಜಿಬೆಕ್‌ಳ ಬೆರಳುಗಳ ಸಂದಿಯಲ್ಲಿ ಇನ್ನೂ ಕೆಂಪು ಎಳೆ ಅಂಟಿಕೊಂಡಿತ್ತು. ಅಮ್ಮ ಅದನ್ನು ನೋಡಿದಳು, ಮತ್ತೆ ಕಂಬಳಿಯ ಕಡೆ ತಿರುಗಿದಳು.

"ನಂದೇ ಅಜ್ಜಿ. ಅವಸರದಲ್ಲಿ ಕೈ ತಪ್ಪಿತು."

"ಕೈ ತಪ್ಪಿತಾ? ನಿನಗಾ?"

"ಹೂಂ."

ಜಿಬೆಕ್‌ಳ ಕಿವಿಗಳು ಕಾದವು. ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ಆದರೆ ಕೋಚ್ಕೋರ್‌ನ ನೆಲ ಗಟ್ಟಿ ನೆಲ, ಅದು ಯಾರಿಗಾಗಿಯೂ ಬಾಯಿಬಿಡುವುದಿಲ್ಲ. ನಡುಮನೆಯ ಕುರ್ಚಿ ನೆನಪಾಯಿತು. ಗೋಡೆಗೆ ಮುಖ ಮಾಡಿದ ಕಂಬಳಿಗಳು ನೆನಪಾದವು. ಅಮ್ಮನಿಗೆ ಅದೂ ಗೊತ್ತಿತ್ತು. ಹೇಗೋ ಏನೋ, ಆ ಒಂದು ನೋಟದಲ್ಲಿ ಜಿಬೆಕ್‌ಳಿಗೆ ಅದು ತಿಳಿದುಹೋಯಿತು.

"ನಾನು," ಎಂದಳು.

ಯಾರಿಗೂ ಕೇಳಿಸಲಿಲ್ಲ. ಸಾಲ್ಕಿನಕ್ಕ ಇನ್ನೂ ಏನೋ ತಮಾಷೆ ಮಾಡುತ್ತಿದ್ದಳು.

"ನಾನು! ಕೊಂಬು ನಾನಿಟ್ಟಿದ್ದು. ಅಮ್ಮ ಹಂಡೆ ತರೋಕೆ ಹೋದಾಗ. ಅಮ್ಮಂದು ಅಲ್ಲ ಅದು. ಗೆರೆ ಅಮ್ಮಂದು, ಕೊಂಬು ನಂದು."

ನಗು ನಿಂತಿತು. ಎಲ್ದಿಯಾರ್ ಬೀಜ ಅಗಿಯುವುದನ್ನೂ ನಿಲ್ಲಿಸಿದ. ಸಾಲ್ಕಿನಕ್ಕ ಸೆರಗಿಲ್ಲದವಳು ಸೆರಗು ಹುಡುಕುವ ಹಾಗೆ ತಲೆಯ ವಸ್ತ್ರವನ್ನು ಸುಮ್ಮನೆ ಸರಿಮಾಡಿಕೊಂಡಳು.

"ಯಾಕೆ ಮಗಳೇ?" ಅಜ್ಜಿ ಕೇಳಿದಳು.

ಜಿಬೆಕ್ ಬೆರಳ ಸಂದಿಯ ಕೆಂಪು ಎಳೆಯನ್ನು ಕೀಳತೊಡಗಿದಳು. ಅಜ್ಜಿ ಒತ್ತಾಯ ಮಾಡಲಿಲ್ಲ. ಮಂಡಿ ಹಿಡಿದುಕೊಂಡು ಚಾಪೆಯ ಅಂಚಿನಲ್ಲಿ ಕೂತಳು. ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿದಳು. ಒಂದು ಗೆರೆಯನ್ನು ಹಿಡಿದು ಹೋದಳು, ಅದು ಕವಲೊಡೆಯಿತು, ವಾಪಸ್ ಬಂದಳು.

"ಸರಿ. ಕೊಂಬು ನಿಂದು. ನಿಮ್ಮಮ್ಮಂದು ಇದಲ್ವಾ? ಇದೇನಂತ ಹೇಳು ನೋಡೋಣ. ನಾನೂ ಅವಳ ಮನೆಗೆ ಎಷ್ಟು ಸಲ ಬಂದಿದೀನಿ, ನೋಡ್ದೇ ಹೋಗಿದೀನಿ."

ಎಲ್ಲರೂ ಜಿಬೆಕ್‌ಳನ್ನೇ ನೋಡಿದರು. ಅವಳು ಬಾಯಿ ತೆರೆದಳು.

ಹುಳ? ಶ್ಯಾವಿಗೆ? ಎಲ್ದಿಯಾರ್ ಹೇಳಿದ್ದು ಬಿಟ್ಟರೆ ಅವಳ ತಲೆಯಲ್ಲಿ ಇನ್ನೊಂದು ಮಾತಿರಲಿಲ್ಲ. ಉಂಗುರ ಬಂದಾಗ ಅವಳು ಆ ಚಿತ್ರಗಳನ್ನು ನೋಡುವುದನ್ನೇ ಬಿಟ್ಟಿದ್ದಳು. ಚುಕ್ಕೆ ಬಂದಾಗ ಬಾಗಿಲು ಹಾಕಿಕೊಂಡಿದ್ದಳು. ಅಮ್ಮ ಊಟಕ್ಕೆ ಕೂತಾಗ ಅಪ್ಪನಿಗೆ ಏನೋ ಹೇಳುತ್ತಿದ್ದಳು, ಆಗೆಲ್ಲ ಜಿಬೆಕ್ ಬೇಗ ಬೇಗ ತಿಂದು ಎದ್ದುಹೋಗುತ್ತಿದ್ದಳು. ಇಷ್ಟು ದಿನ ಯಾವುದಕ್ಕೆ ನಾಚಿಕೊಂಡು ಓಡಾಡಿದಳೋ ಅದು ಏನೆಂದು ಅವಳಿಗೇ ಗೊತ್ತಿರಲಿಲ್ಲ.

"ನನಗೆ ಗೊತ್ತಿಲ್ಲ," ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ಇದೇನು?"

ಅಮ್ಮ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡಳು.

"ಹಿಮಚಿರತೆಗೆ ಚುಕ್ಕೆ ಯಾರು ಇಡ್ತಾರೆ? ಯಾರೂ ಇಡಲ್ಲ. ಚರ್ಮದೊಳಗೆ ಇಬ್ಬರು ಇದಾರೆ ಅಂದ್ಕೊ. ಒಬ್ಬ 'ಬಣ್ಣ ಹರಡು, ಹರಡು' ಅಂತಾನೆ. ಇನ್ನೊಬ್ಬ 'ಸಾಕು, ನಿಲ್ಲಿಸು' ಅಂತಾನೆ. ನಿಲ್ಲಿಸು ಅನ್ನೋನು ಜೋರಾಗಿ ಓಡ್ತಾನೆ, ಮುಂದೆ ಹೋಗಿ ಬಣ್ಣಾನ ತಡೀತಾನೆ. ಇಬ್ಬರ ಜಗಳ ಮುಗಿಯೋ ಹೊತ್ತಿಗೆ ಒಂದು ಕಡೆ ಚುಕ್ಕೆ ಆಗಿರುತ್ತೆ, ಇನ್ನೊಂದು ಕಡೆ ಗೆರೆ ಆಗಿರುತ್ತೆ. ಹಿಮಚಿರತೆಗೂ ಅದೇ, ಕೆರೆ ಮೀನಿಗೂ ಅದೇ ಜಗಳ. ಹಾಗಂತ ಆ ಪುಸ್ತಕದಲ್ಲಿ ಓದಿದೆ. ನನಗೆ ಆ ಜಗಳಾನ ಉಣ್ಣೆಯಲ್ಲಿ ಮಾಡಿಸಿ ನೋಡ್ಬೇಕು ಅನ್ನಿಸ್ತು."

"ಅಯ್ಯೋ, ನಾನೂ ನನ್ನ ಸೊಸೆಯೂ ಹಾಗೇ!" ಎಂದಳು ಬಾತ್ಮಾ ಅಜ್ಜಿ. "ಅವಳು ಎಣ್ಣೆ ಹಾಕು ಅಂತಾಳೆ, ನಾನು ಸಾಕು ಅಂತೀನಿ. ಅದಕ್ಕೇ ನಮ್ಮ ಮನೇಲಿ ಕರಿದ ಹಿಟ್ಟಿನ ಬೂರ್ಸೋಕ್ ಮೇಲೆಲ್ಲ ಚುಕ್ಕೆ ಚುಕ್ಕೆ!"

ಅಂಗಳ ಮತ್ತೆ ನಕ್ಕಿತು. ಅಮ್ಮನೂ ನಕ್ಕಳು, ಆದರೆ ಕಣ್ಣು ಕೊಂಬಿನ ಮೇಲೆಯೇ ಇತ್ತು.

"ಇದು ಹಾಳಾಯ್ತಾ?" ಜಿಬೆಕ್ ಕೇಳಿದಳು.

"ಹಾಳಾಯ್ತು," ಎಂದಳು ಅಮ್ಮ. ಸುಳ್ಳು ಹೇಳಲಿಲ್ಲ. "ಬಿಷ್ಕೆಕ್‌ಗೆ ಎರಡೇ ಹೋಗುತ್ತೆ."

ಜಿಬೆಕ್ ತಲೆ ತಗ್ಗಿಸಿದಳು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅಜ್ಜಿ ಅಂಗಿಯ ತೋಳು ಮಡಿಸಿದಳು. "ಏಳ್ರೇ, ನೀರು ಆರ್ತಿದೆ. ಅರ್ಧ ಆದ ಕಂಬಳಿ ನಾಯಿಗೂ ಬೇಡ. ಮುಗಿಸೋಣ."

ಹೆಂಗಸರು ಕಂಬಳಿಯನ್ನು ಮತ್ತೆ ಸುತ್ತಿ ಸಾಲಾಗಿ ಮಂಡಿಯೂರಿದರು. ಈಗ ಕಾಲಲ್ಲ, ಮೊಣಕೈಯಿಂದ ಒತ್ತಿ ಉರುಳಿಸುವ ಸರದಿ. ಅಮ್ಮ ಸ್ವಲ್ಪ ಪಕ್ಕಕ್ಕೆ ಸರಿದಳು. ಅಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ಜಿಬೆಕ್ ಬಂದು ಕೂತಳು. ಬಿಸಿ ಉಣ್ಣೆಯ ಮೇಲೆ ಎರಡೂ ತೋಳಿಟ್ಟಳು. ಚುರ್ರೆಂದಿತು. ತೋಳು ತೆಗೆಯಲಿಲ್ಲ.

ಹೋ, ಹೋ ಎಂದು ಎಲ್ಲರೂ ಒಟ್ಟಿಗೆ ಮುಂದಕ್ಕೆ ಬಾಗಿದರು, ಒಟ್ಟಿಗೆ ಹಿಂದಕ್ಕೆ ಬಂದರು.

"ಅಮ್ಮಾ," ಜಿಬೆಕ್ ಪಿಸುಗುಟ್ಟಿದಳು. "ಚುಕ್ಕೆ ಯಾವಾಗ ಗೆರೆ ಆಗುತ್ತೆ?"

"ಏನಂದೆ? ಕೇಳಿಸಲಿಲ್ಲ."

ಸಾಲಿನ ಆ ತುದಿಯಲ್ಲಿ ಸಾಲ್ಕಿನಕ್ಕ ಕತ್ತು ಚಾಚಿದಳು. ಎಲ್ದಿಯಾರ್ ಚೊಂಬು ಹಿಡಿದು ನಿಂತಿದ್ದ. ಜಿಬೆಕ್ ಅವರೆಲ್ಲರನ್ನೂ ಒಮ್ಮೆ ನೋಡಿದಳು. ಉಸಿರೆಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ, ಮತ್ತೊಮ್ಮೆ ಕೇಳಿದಳು.